ಮಲಗದ ಲ್ಯಾಪ್‌ಟಾಪಿನ ಹೇಳಿಕೆ: ಸಾಲು ಸಾಲಿನ ವ್ಯಾಖ್ಯಾನ

ರಾತ್ರಿ 80 ಪರ್ಸೆಂಟ್ ಇದ್ದ ಬ್ಯಾಟರಿ ಬೆಳಿಗ್ಗೆ 12ಕ್ಕೆ ಇಳಿದಿರುತ್ತದೆ. ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪು ಆಫೀಸಿನಲ್ಲಿ ತೆಗೆಯುವಾಗ ಕೈಗೆ ಬಿಸಿ ತಾಗುತ್ತದೆ. ಈ ದೂರು ಹಿಡಿದು ರಿಪೇರಿ ಅಂಗಡಿಗೆ ಹೋದವರಿಗೆ ಹೆಚ್ಚಾಗಿ ಸಿಗುವ ಪರಿಹಾರ ಒಂದೇ: ಫಾರ್ಮ್ಯಾಟ್. ಆದರೆ ವಿಂಡೋಸ್ ಯಂತ್ರ ತಾನೇಕೆ ಮಲಗುತ್ತಿಲ್ಲ ಎಂಬುದನ್ನು ಕೇಳಿದರೆ ತಾನೇ ಹೇಳುತ್ತದೆ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪಟ್ಟಿಯಲ್ಲಿ ಅಡ್ಮಿನ್ ಎಂದಿರುವ ಟರ್ಮಿನಲ್ ತೆರೆದು, ‘ಪವರ್‌ಸಿಎಫ್‌ಜಿ /ಎ’ ಎಂದು ಟೈಪ್ ಮಾಡಬೇಕು. ಪವರ್ ಎಂಬುದಕ್ಕೆ ಸಿ, ಎಫ್, ಜಿ ಅಕ್ಷರಗಳು ಅಂಟಿಕೊಂಡೇ ಇರಲಿ. ಆಮೇಲೆ ಒಂದು ಜಾಗ, ಒಂದು ಓರೆಗೆರೆ, ಎ. ಎಂಟರ್ ಒತ್ತಿದರೆ ಹತ್ತಿಪ್ಪತ್ತು ಸಾಲಿನ ಉತ್ತರ ಬರುತ್ತದೆ. ಬಹಳ ಮಂದಿ ಇದನ್ನು ಇಲ್ಲಿಯವರೆಗೆ ತಂದು, ಓದದೆ ಕಿಟಕಿ ಮುಚ್ಚಿಬಿಡುತ್ತಾರೆ. ಈಚಿನ ಲ್ಯಾಪ್‌ಟಾಪುಗಳಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಪಾಠವನ್ನು ಕನ್ನಡಕ್ಕೆ ತಂದು ಇಲ್ಲಿ ಮೂಲವಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಪರದೆಯಲ್ಲಿ ಬೇರೆ ಸಾಲು ಕಂಡರೆ ಅದು ಪಾಠಾಂತರ. ಮುಖ್ಯವಾದವನ್ನು ಅಲ್ಲಲ್ಲೇ ಹೇಳುತ್ತೇನೆ.

“ಈ ಯಂತ್ರದಲ್ಲಿ ಲಭ್ಯವಿರುವ ಸ್ಲೀಪ್ ಸ್ಥಿತಿಗಳು:”

ಸ್ಥಿತಿಗಳು ಎಂಬ ಬಹುವಚನವನ್ನು ಗಮನಿಸಿ. ನಮಗೆ ಸ್ಲೀಪ್ ಒಂದೇ, ಯಂತ್ರಕ್ಕೆ ಹಲವು. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಕಂಪನಿಗಳು ಸೇರಿ 1996ರಲ್ಲಿ ಎಸಿಪಿಐ ಎಂಬ ನಿಯಮಾವಳಿ ಹೊರತಂದವು. ಎಚ್ಚರದಿಂದ ಪೂರ್ತಿ ಆಫ್ ಆಗುವ ತನಕ ಎಸ್0ಯಿಂದ ಎಸ್5ರವರೆಗೆ ಆರು ಮೆಟ್ಟಿಲುಗಳನ್ನು ಅದು ಗೊತ್ತುಮಾಡಿತು. ಎಸ್0 ಎಂದರೆ ಎದ್ದಿರುವುದು, ಎಸ್5 ಎಂದರೆ ಆರಿರುವುದು. ಮುಂದಿನ ಎಲ್ಲ ಸಾಲುಗಳೂ ಈ ಮೆಟ್ಟಿಲುಗಳ ಲೆಕ್ಕದಲ್ಲೇ ಇವೆ.

“ಸ್ಟ್ಯಾಂಡ್‌ಬೈ, ಎಸ್0 ಲೋ ಪವರ್ ಐಡಲ್, ನೆಟ್‌ವರ್ಕ್ ಕನೆಕ್ಟೆಡ್”

ಇಡೀ ಉತ್ತರದ ಜೀವ ಇರುವುದು ಈ ಸಾಲಿನಲ್ಲಿ. ಸ್ಟ್ಯಾಂಡ್‌ಬೈ ಎನ್ನುತ್ತದೆ, ಪಕ್ಕದಲ್ಲೇ ಎಸ್0 ಎನ್ನುತ್ತದೆ. ಎಸ್0 ಎಂದರೆ ಎದ್ದಿರುವ ಸ್ಥಿತಿ ಎಂದು ಈಗಷ್ಟೇ ನೋಡಿದೆವು. ಅಂದರೆ ಮುಚ್ಚಳ ಮುಚ್ಚಿದಾಗ ಈ ಯಂತ್ರ ನಿಯಮದ ಪ್ರಕಾರ ಮಲಗುವುದೇ ಇಲ್ಲ. ಕುರ್ಚಿಯಲ್ಲಿ ಕೂತೇ ತೂಕಡಿಸುವ ರಾತ್ರಿ ಕಾವಲುಗಾರನಂತೆ ಅದು. ಪರದೆ ಆರುತ್ತದೆ, ಪ್ರೊಸೆಸರ್ ತೀರಾ ಕಡಿಮೆ ವಿದ್ಯುತ್ತಿಗೆ ಇಳಿಯುತ್ತದೆ, ಆದರೆ ವೈ-ಫೈ ಜೀವಂತವಾಗಿರುತ್ತದೆ. ಮೇಲ್ ಬಂದರೆ, ಅಪ್‌ಡೇಟ್ ಇದ್ದರೆ, ಯಾವುದೋ ಸಾಧನ ಅಲುಗಿದರೆ ಕಣ್ಣು ಬಿಟ್ಟು ಕೆಲಸ ಮಾಡಿ ಮತ್ತೆ ತೂಕಡಿಕೆಗೆ ಇಳಿಯುತ್ತದೆ. 2012ರ ವಿಂಡೋಸ್ 8ರಲ್ಲಿ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಎಂದು ಶುರುವಾಗಿ, ವಿಂಡೋಸ್ 10ರಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಆದದ್ದು ಇದೇ. ಲ್ಯಾಪ್‌ಟಾಪು ಮೊಬೈಲಿನ ಹಾಗೆ ತಕ್ಷಣ ಏಳಬೇಕು ಎಂಬುದು ಅದರ ಆಸೆ. ಎಲ್ಲ ಡ್ರೈವರುಗಳೂ ಶಿಸ್ತಿನಲ್ಲಿದ್ದರೆ ರಾತ್ರಿಯಿಡೀ ಬ್ಯಾಟರಿ ಸ್ವಲ್ಪವೇ ಇಳಿಯುತ್ತದೆ. ಒಂದೇ ಒಂದು ಡ್ರೈವರ್ ಅಥವಾ ಪ್ರೋಗ್ರಾಂ ತುಂಟಾಟ ಮಾಡಿದರೆ ಯಂತ್ರ ಆಳದ ಸ್ಥಿತಿಗೆ ಇಳಿಯುವುದೇ ಇಲ್ಲ. ಗಾಳಿಯಾಡದ ಬ್ಯಾಗಿನೊಳಗೆ ಬಿಸಿ ಏರುವುದು ಆಗಲೇ.

ಫೋನಿಗೆ ಒಪ್ಪುವ ಈ ಏರ್ಪಾಡನ್ನು ಬೇರೆ ಬೇರೆ ಕಂಪನಿಗಳ ಬಿಡಿಭಾಗ ಕೂಡಿಸಿ ಮಾಡಿದ ಲ್ಯಾಪ್‌ಟಾಪಿಗೆ ಹೊಂದಿಸಿದ್ದು ಅವಸರದ ಕೆಲಸ ಎಂದೇ ನನ್ನ ಅಭಿಪ್ರಾಯ. ಬಳಸುವವರಿಗೆ ಆಯ್ಕೆ ಉಳಿಸದೆ ಮಾಡಿದ್ದಂತೂ ಸರಿಯಲ್ಲ.

ಪಾಠಾಂತರ: ಕೊನೆಯಲ್ಲಿ ಕನೆಕ್ಟೆಡ್ ಬದಲು ಡಿಸ್‌ಕನೆಕ್ಟೆಡ್ ಎಂದಿದ್ದರೆ ತೂಕಡಿಕೆಯ ಹೊತ್ತಿನಲ್ಲಿ ನೆಟ್‌ವರ್ಕ್ ಕಡಿದಿರುತ್ತದೆ. ಸ್ವಲ್ಪ ವಾಸಿ. ಸ್ಥಿತಿ ಮಾತ್ರ ಆಗಲೂ ಎಸ್0.

“ಲಭ್ಯವಿಲ್ಲದ ಸ್ಥಿತಿಗಳು: ಸ್ಟ್ಯಾಂಡ್‌ಬೈ ಎಸ್1, ಸ್ಟ್ಯಾಂಡ್‌ಬೈ ಎಸ್2. ಫರ್ಮ್‌ವೇರ್ ಬೆಂಬಲಿಸುವುದಿಲ್ಲ.”

ಹಳೆಯ ಮೆಟ್ಟಿಲುಗಳು. ಈಗ ಯಾರಿಗೂ ಬೇಕಿಲ್ಲ, ದಾಟಿ ಮುಂದೆ ಹೋಗಿ.

“ಸ್ಟ್ಯಾಂಡ್‌ಬೈ ಎಸ್3. ಫರ್ಮ್‌ವೇರ್ ಬೆಂಬಲಿಸುವುದಿಲ್ಲ.”

ನಾವು ಸ್ಲೀಪ್ ಎಂದು ಇಷ್ಟು ವರ್ಷ ನಂಬಿಕೊಂಡಿದ್ದದ್ದು ಇದನ್ನು. ಎಸ್3ರಲ್ಲಿ ರ‍್ಯಾಮಿಗೆ ಮಾತ್ರ ವಿದ್ಯುತ್ ಹರಿಯುತ್ತದೆ; ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಲ್ಲುತ್ತವೆ. ಬ್ಯಾಗಿನಲ್ಲಿ ಬಿಸಿಯಾಗಲು ಅಲ್ಲಿ ಏನೂ ಓಡುತ್ತಿರುವುದಿಲ್ಲ. ಈ ಸಾಲು ಹೇಳುತ್ತಿರುವುದು, ತಯಾರಕರು ಫರ್ಮ್‌ವೇರ್‌ನಲ್ಲೇ, ಅಂದರೆ ಬಯೋಸ್‌ನಲ್ಲೇ, ಆ ಸೌಲಭ್ಯ ಇಟ್ಟಿಲ್ಲ ಎಂದು. ವಿಂಡೋಸ್ ಹತ್ತು ಸಲ ಹೊಸದಾಗಿ ಹಾಕಿದರೂ ಅದು ಬರುವುದಿಲ್ಲ. ಫಾರ್ಮ್ಯಾಟಿಗೆ ಹಣ ಕೊಡುವ ಮೊದಲು ಓದಬೇಕಾದ ಸಾಲು ಇದು.

ಇದಕ್ಕೆ ಎರಡು ಪಾಠಾಂತರಗಳಿವೆ. “ಎಸ್0 ಇರುವುದರಿಂದ ಇದನ್ನು ನಿಷ್ಕ್ರಿಯಗೊಳಿಸಲಾಗಿದೆ” ಎಂದಷ್ಟೇ ಇದ್ದರೆ ಎಸ್3 ಒಳಗೆಲ್ಲೋ ಇರಬಹುದು. ಆಗ ಬಯೋಸ್ ಪುಟದಲ್ಲಿ ಸ್ಲೀಪ್ ಸ್ಟೇಟ್ ಎಂಬ ಆಯ್ಕೆ ಇದೆಯೇ ನೋಡಿ. ಕೆಲವು ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಅಲ್ಲಿ ವಿಂಡೋಸ್ 10, ಲಿನಕ್ಸ್ ಎಂದು ಎರಡು ಹೆಸರು ಬರುತ್ತಿದ್ದವು. ಲಿನಕ್ಸ್ ಎಂದು ಆರಿಸಿದರೆ ಸಿಗುತ್ತಿದ್ದದ್ದು ಎಸ್3. ರಿಜಿಸ್ಟ್ರಿ ತಿದ್ದಿ ಎಸ್0 ಅನ್ನು ಬಲವಂತವಾಗಿ ಆಫ್ ಮಾಡುವ ಉಪಾಯವೂ ಓಡಾಡುತ್ತಿದೆ. ಫರ್ಮ್‌ವೇರ್‌ನಲ್ಲಿ ಎಸ್3 ಇಲ್ಲದ ಯಂತ್ರದಲ್ಲಿ ಅದನ್ನು ಮಾಡಿದರೆ ಇದ್ದ ತೂಕಡಿಕೆಯೂ ಹೋಗಿ ಸ್ಲೀಪ್ ಗುಂಡಿಯೇ ಮಾಯವಾಗುತ್ತದೆ.

ಎರಡನೆಯ ಪಾಠಾಂತರ ಹಳೆಯ ಯಂತ್ರಗಳದ್ದು: “ವ್ಯವಸ್ಥೆಯ ಆಂತರಿಕ ಘಟಕವೊಂದು ಈ ಸ್ಥಿತಿಯನ್ನು ತಡೆದಿದೆ”, ಕೆಳಗೆ ಗ್ರಾಫಿಕ್ಸ್ ಎಂಬ ಉಲ್ಲೇಖ. ಇದು ಫಾರ್ಮ್ಯಾಟ್ ಮಾಡಿಸಿಕೊಂಡು ಬಂದ ಲ್ಯಾಪ್‌ಟಾಪುಗಳಲ್ಲಿ ಕಾಣುವ ರೋಗ. ಸರಿಯಾದ ಗ್ರಾಫಿಕ್ಸ್ ಡ್ರೈವರ್ ಹಾಕದೆ, ವಿಂಡೋಸ್ ಜತೆ ಬರುವ ಬೇಸಿಕ್ ಡಿಸ್‌ಪ್ಲೇ ಡ್ರೈವರಿನಲ್ಲೇ ಬಿಟ್ಟಿರುತ್ತಾರೆ. ತಯಾರಕರ ತಾಣದಿಂದ ಆ ಮಾದರಿಯ ಡ್ರೈವರ್ ಇಳಿಸಿಕೊಂಡು ಹಾಕಿದರೆ ಸ್ಲೀಪ್ ವಾಪಸ್ಸು ಬರುತ್ತದೆ.

“ಹೈಬರ್ನೇಟ್. ಹೈಬರ್ನೇಷನ್ ಸಕ್ರಿಯಗೊಳಿಸಿಲ್ಲ.”

ಇಲ್ಲಿ ಬೆಂಬಲವಿಲ್ಲ ಎಂದು ಹೇಳಿಲ್ಲ. ಯಾರೂ ಆನ್ ಮಾಡಿಲ್ಲ ಎಂದಷ್ಟೇ ಹೇಳಿದೆ. ಹೈಬರ್ನೇಟ್ ಎಂದರೆ ಎಸ್4. ರ‍್ಯಾಮಿನಲ್ಲಿ ಇದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದಾಗ ತೆರೆದಿಟ್ಟ ಕಡತಗಳು ಇದ್ದ ಹಾಗೇ ಬರುತ್ತವೆ. ಬರೆದಿಡುವ ಜಾಗ ಸಿ ಡ್ರೈವಿನಲ್ಲಿ ಅಡಗಿರುವ ಹೈಬರ್‌ಫಿಲ್ ಎಂಬ ಕಡತ. ಅದರ ಗಾತ್ರ ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟು: 8 ಜಿಬಿ ರ‍್ಯಾಮಿಗೆ ಸುಮಾರು 3.2 ಜಿಬಿ, 16 ಜಿಬಿಗೆ ಅದರ ಎರಡರಷ್ಟು. ಸಿ ಡ್ರೈವ್ ತುಂಬಿದೆ ಎಂದಾಗ ಜಾಗ ಮಾಡಿಕೊಡುವವರು ಮೊದಲು ಕೈಹಾಕುವುದು ಇದಕ್ಕೇ. ಒಂದು ಆಜ್ಞೆ ಕೊಟ್ಟರೆ ಕಡತ ಹೋಗುತ್ತದೆ, ಜತೆಗೆ ಹೈಬರ್ನೇಟೂ ಹೋಗುತ್ತದೆ. ಜಾಗ ಆಯಿತೆಂದು ಎಲ್ಲರಿಗೂ ಸಂತೋಷ. ಬ್ಯಾಟರಿ ಪೂರ್ತಿ ಇಳಿದು ಬರೆಯುತ್ತಿದ್ದ ಪ್ರಾಜೆಕ್ಟ್ ಹೋದ ದಿನ ಇದು ಯಾರಿಗೂ ನೆನಪಾಗುವುದಿಲ್ಲ.

ವಾಪಸ್ಸು ತರಲು ಅದೇ ಟರ್ಮಿನಲ್ಲಿನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆನ್’. ಆಮೇಲೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬ ಪುಟ. ಬ್ಯಾಟರಿಯ ಕಂಬಸಾಲಿನಲ್ಲಿ ಮುಚ್ಚಳಕ್ಕೆ ಹೈಬರ್ನೇಟ್ ಆರಿಸಿ. ಚಾರ್ಜರಿನ ಕಂಬಸಾಲಿನಲ್ಲಿ ಸ್ಲೀಪ್ ಇದ್ದರೂ ನಷ್ಟವಿಲ್ಲ. ಈಗಿನ ಎಸ್‌ಎಸ್‌ಡಿ ಇರುವ ಯಂತ್ರಗಳಲ್ಲಿ ಹೈಬರ್ನೇಟಿನಿಂದ ಏಳಲು ಕಾಯಬೇಕಾದ ಹೊತ್ತು ಬಹಳವೇನಲ್ಲ.

“ಹೈಬ್ರಿಡ್ ಸ್ಲೀಪ್. ಎಸ್3 ಲಭ್ಯವಿಲ್ಲ, ಹೈಬರ್ನೇಷನ್ ಲಭ್ಯವಿಲ್ಲ.”

ಎರಡನ್ನೂ ಬೆರೆಸಿದ ಸ್ಥಿತಿ; ಎರಡೂ ಇಲ್ಲದ ಕಡೆ ಇದೂ ಇಲ್ಲ. ಡೆಸ್ಕ್‌ಟಾಪಿನವರಿಗೆ ಬೇಕಾದದ್ದು.

“ಫಾಸ್ಟ್ ಸ್ಟಾರ್ಟಪ್. ಹೈಬರ್ನೇಷನ್ ಲಭ್ಯವಿಲ್ಲ.”

ಹೈಬರ್ನೇಟ್ ಆನ್ ಮಾಡಿದರೆ ಇದೂ ಬರುತ್ತದೆ, ಬಂದ ಮೇಲೆ ಒಂದು ಎಚ್ಚರ ಬೇಕು. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್ ಒತ್ತಿದರೂ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ, ಅದನ್ನೂ ಡಿಸ್ಕಿಗೆ ಬರೆದಿಡುತ್ತದೆ. ಕೆಟ್ಟ ಡ್ರೈವರ್ ಮರುದಿನ ಕೆಟ್ಟ ಸ್ಥಿತಿಯಲ್ಲೇ ಎದ್ದು ಬರುವುದು ಇದರಿಂದ. “ಆಫ್ ಮಾಡಿ ಆನ್ ಮಾಡಿದೆ ಸಾರ್, ಹಾಗೇ ಇದೆ” ಎನ್ನುವವರು ರೀಸ್ಟಾರ್ಟ್ ಮಾಡಿ ನೋಡಬೇಕು. ಅದು ಮಾತ್ರ ನಿಜವಾಗಿ ಎಲ್ಲವನ್ನೂ ಮುಚ್ಚಿ ತೆರೆಯುತ್ತದೆ.

ಇಲ್ಲಿಗೆ ಮೊದಲ ಉತ್ತರ ಮುಗಿಯಿತು. ಇದು ಹೇಳುವುದು ಯಂತ್ರಕ್ಕೆ ಏನು ಸಾಧ್ಯ ಎಂಬುದನ್ನು. ಸಾಧ್ಯವಿದ್ದೂ ಏಕೆ ಮಲಗುತ್ತಿಲ್ಲ ಎಂದು ಕೇಳಲು ‘ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್’.

“ಡಿಸ್‌ಪ್ಲೇ: ಕ್ರೋಮ್, ವಿಡಿಯೊ ವೇಕ್ ಲಾಕ್.”

ಯಾವುದೋ ಟ್ಯಾಬಿನಲ್ಲಿ ವಿಡಿಯೊ ಓಡುತ್ತಿದೆ, ಪರದೆ ಆರಿಸಬೇಡ ಎಂದು ಬ್ರೌಸರ್ ಕೇಳಿಕೊಂಡಿದೆ. ಟ್ಯಾಬ್ ಮುಚ್ಚಿ.

“ಸಿಸ್ಟಮ್: ಡ್ರೈವರ್, ಆಡಿಯೊ. ಧ್ವನಿಯ ಹರಿವು ಬಳಕೆಯಲ್ಲಿದೆ.”

ಸದ್ದು ಕೇಳದಿದ್ದರೂ ಈ ಸಾಲು ಬರಬಹುದು. ಮೀಟಿಂಗ್ ಆ್ಯಪ್ ಒಂದು ಮೈಕ್ ಹಿಡಿದುಕೊಂಡೇ ಕೂತಿರುತ್ತದೆ. ಈ ಪಟ್ಟಿ ಮುಖ್ಯವಾಗಿ ತಡೆಯುವುದು ಯಂತ್ರ ಸುಮ್ಮನಿದ್ದಾಗ ತಾನಾಗಿ ಮಲಗುವುದನ್ನು. ಮುಚ್ಚಳ ಮುಚ್ಚುವುದು ನಾವೇ ಕೊಟ್ಟ ಆಜ್ಞೆ, ಅದರ ಲೆಕ್ಕ ಬೇರೆ. ಉಳಿದ ತಲೆಬರಹಗಳ ಕೆಳಗೆ ನನ್ ಎಂದಿದ್ದರೆ ಯಾರ ತಕರಾರೂ ಇಲ್ಲ ಎಂದರ್ಥ.

ಮಲಗಿ ತಾನಾಗಿ ಏಳುವ ಯಂತ್ರಕ್ಕೆ ‘ಪವರ್‌ಸಿಎಫ್‌ಜಿ /ವೇಕ್‌ಟೈಮರ್ಸ್’.

“ಅಪ್‌ಡೇಟ್ ಆರ್ಕೆಸ್ಟ್ರೇಟರ್ ಎಂಬ ನಿಗದಿತ ಕೆಲಸ ಕಂಪ್ಯೂಟರನ್ನು ಎಬ್ಬಿಸಲು ಕೇಳಿದೆ.”

ಕಳ್ಳ ಸಿಕ್ಕಿದ. ಅಪ್‌ಡೇಟಿಗಾಗಿ ನಡುರಾತ್ರಿ ಅಲಾರಂ ಇಟ್ಟುಕೊಂಡಿರುವುದು ವಿಂಡೋಸೇ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ, ಸ್ಲೀಪ್ ವಿಭಾಗದಲ್ಲಿ, ವೇಕ್ ಟೈಮರಿಗೆ ಅನುಮತಿ ಎಂಬುದನ್ನು ಬ್ಯಾಟರಿಗೆ ಡಿಸೇಬಲ್ ಮಾಡಿ. ಟೈಮರ್ ಏನೂ ಇಲ್ಲದೆಯೂ ಏಳುತ್ತಿದ್ದರೆ ಮೌಸಿನ ಮೇಲೆ ಅನುಮಾನವಿರಲಿ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ಕಂಪ್ಯೂಟರನ್ನು ಎಬ್ಬಿಸಲು ಬಿಡು ಎಂಬ ಗುರುತನ್ನು ತೆಗೆಯಬೇಕು.

ಇಷ್ಟಾದ ಮೇಲೂ ಮುಚ್ಚಿದ ಲ್ಯಾಪ್‌ಟಾಪು ಬಿಸಿಯಾದರೆ ಬಯೋಸ್ ಮತ್ತು ಚಿಪ್‌ಸೆಟ್ ಡ್ರೈವರುಗಳನ್ನು ತಯಾರಕರ ತಾಣದಿಂದಲೇ ಹೊಸದಾಗಿ ಹಾಕಿ. ಎಸ್0 ಯಂತ್ರವಾದರೆ ‘ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ’ ಎಂದು ಕೊಡಿ. ಹಿಂದಿನ ಮೂರು ದಿನ ಯಂತ್ರ ಯಾವಾಗ ತೂಕಡಿಸಿತು, ಎಷ್ಟು ಬ್ಯಾಟರಿ ಹೋಯಿತು, ಯಾವ ಸಾಧನ ನಿದ್ದೆಗೆಡಿಸಿತು ಎಂಬ ವರದಿ ಬ್ರೌಸರಿನಲ್ಲಿ ತೆರೆಯುವ ಪುಟವಾಗಿ ಸಿಗುತ್ತದೆ. ಸರ್ವಿಸ್ ಸೆಂಟರಿಗೆ ಹೋಗುವಾಗ ಆ ಪುಟವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಫಾರ್ಮ್ಯಾಟ್ ಎಂಬ ಮಾತು ಬಂದರೆ ಮೊದಲು ಅದನ್ನು ತೆರೆದು ನೋಡಲು ಹೇಳಿ.