ಗಯಾಮಾಹಾತ್ಮ್ಯದ ತಿರುಳು

ಸ್ಥಳಮಾಹಾತ್ಮ್ಯಗಳೆಂಬ ಗ್ರಂಥಗಳನ್ನು ಕಾವ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚುವ ವಾಡಿಕೆಯು ಕನ್ನಡದಲ್ಲಿ ವಿರಳವಾಗಿದೆ. ಆಸ್ತಿಕರು ಅವುಗಳನ್ನು ಪಾರಾಯಣಕ್ಕೆಂದು ಓದುವರು. ಪಂಡಿತರು ವಿಧಿನಿರ್ಣಯಕ್ಕೆಂದು ತೆರೆಯುವರು. ನವೀನರು ಪುರೋಹಿತರ ಜೀವನೋಪಾಯಕ್ಕಾಗಿ ಹೆಣೆದ ಕಟ್ಟುಕಥೆಗಳೆಂದು ಮುಚ್ಚಿಡುವರು. ಗ್ರಂಥವು ತಾನಾಗಿ ಏನನ್ನು ಹೇಳಹೊರಟಿದೆಯೆಂಬುದನ್ನು ಕಿವಿಗೊಟ್ಟು ಕೇಳುವವರು ಈ ಮೂರು ಪಂಗಡಗಳಲ್ಲಿಯೂ ಕಡಮೆ. ವಾಯುಪುರಾಣದ ಕೊನೆಗೆ ಎಂಟು ಅಧ್ಯಾಯಗಳಾಗಿ ಸೇರಿಕೊಂಡಿರುವ ಗಯಾಮಾಹಾತ್ಮ್ಯಕ್ಕೂ ಇದೇ ಗತಿಯಾಗಿದೆ. ಆದರೆ ಅದು ಎತ್ತಿಕೊಂಡಿರುವ ಪ್ರಶ್ನೆಯು ಯಾವ ಕಾಲಕ್ಕೂ ಹಳೆಯದಾಗುವಂಥದಲ್ಲ. ಸತ್ತವರಿಗೂ ಉಳಿದವರಿಗೂ ಇರುವ ಸಂಬಂಧವೇನು? ಆ ಸಂಬಂಧವು ಎಲ್ಲಿಗೆ ನಿಲ್ಲುವುದು?

ಗಯೆಯು ಬಿಹಾರ ಪ್ರಾಂತದಲ್ಲಿ ಫಲ್ಗುನದಿಯ ದಡದ ಮೇಲಿದೆ. ಅಲ್ಲಿಯ ವಿಷ್ಣುಪದ ದೇವಾಲಯದ ಈಗಿನ ಕಟ್ಟಡವನ್ನು ೧೭೮೭ರಲ್ಲಿ ಅಹಲ್ಯಾಬಾಯಿ ಹೋಳಕರಳು ಕಟ್ಟಿಸಿದಳು. ಆದರೆ ಕ್ಷೇತ್ರದ ಹೆಸರು ಕಟ್ಟಡಕ್ಕಿಂತ ಬಹಳ ಹಿಂದಿನದು. ವಿಷ್ಣುವಿನ ಮೂರು ಹೆಜ್ಜೆಗಳನ್ನು ವಿವರಿಸುವಾಗ ಯಾಸ್ಕನು ಔರ್ಣವಾಭನೆಂಬ ಆಚಾರ್ಯನ ಮತವನ್ನು ಎತ್ತಿ ಹೇಳುವನು; ಆ ಮತದಲ್ಲಿ ಸಮಾರೋಹಣ, ವಿಷ್ಣುಪದ, ಗಯಶಿರ ಎಂಬ ಮೂರು ಹೆಸರುಗಳು ಬರುತ್ತವೆ. ಮಹಾಭಾರತದ ವನಪರ್ವವು ಗಯೆಯನ್ನೂ ಅಲ್ಲಿಯ ಅಕ್ಷಯವಟವನ್ನೂ ಬಲ್ಲುದು. ಬೌದ್ಧರ ಪಾಳಿಗ್ರಂಥಗಳಲ್ಲಿ ಬುದ್ಧನು ಕಾಶ್ಯಪ ಸಹೋದರರಿಗೂ ಅವರ ಶಿಷ್ಯರಿಗೂ ಸಕಲವೂ ಉರಿಯುತ್ತಿದೆಯೆಂದು ಬೋಧಿಸಿದುದು ಇದೇ ಗಯಾಶೀರ್ಷದ ಮೇಲೆ. ಹೀಗೆ ಒಂದೇ ಬೆಟ್ಟವು ತೃಷ್ಣೆಯನ್ನು ನಂದಿಸುವ ಉಪದೇಶಕ್ಕೂ ಪಿತೃಗಳ ತೃಷೆಯನ್ನು ತಣಿಸುವ ಕರ್ಮಕ್ಕೂ ನೆಲೆಯಾಯಿತೆಂಬುದು ಗಮನಾರ್ಹವಾದ ಸಂಗತಿ.

ಮಾಹಾತ್ಮ್ಯದ ಮೂಲಕಥೆಯು ಸರಳವಾಗಿದೆ. ಗಯನೆಂಬ ಅಸುರನು ಕೋಲಾಹಲಗಿರಿಯಲ್ಲಿ ದೀರ್ಘಕಾಲ ತಪಸ್ಸನ್ನಾಚರಿಸಿ, ತನ್ನ ದೇಹವು ಸಕಲ ತೀರ್ಥಗಳಿಗಿಂತಲೂ ಪಾವನವಾಗಲೆಂದು ವರವನ್ನು ಪಡೆದನು. ಅವನನ್ನು ಕಂಡವರೂ ಮುಟ್ಟಿದವರೂ ಸದ್ಗತಿಯನ್ನು ಹೊಂದತೊಡಗಿದುದರಿಂದ ಯಮಪುರಿಯು ಬರಿದಾಯಿತು. ಅಧಿಕಾರವನ್ನು ಕಳೆದುಕೊಂಡ ದೇವತೆಗಳ ಮೊರೆಯಂತೆ ಬ್ರಹ್ಮನು ಬಂದು, ಯಜ್ಞಭೂಮಿಗಾಗಿ ಆ ದೇಹವನ್ನೇ ಬೇಡಿದನು. ಅಸುರನು ಸಂತೋಷದಿಂದ ಒಪ್ಪಿ ನೆಲದ ಮೇಲೆ ಒರಗಿದನು. ಯಜ್ಞವು ಮುಗಿದ ಮೇಲೂ ದೇಹವು ಅಲುಗುತ್ತಿರಲು, ಶಾಪದಿಂದ ಕಲ್ಲಾದ ಧರ್ಮವ್ರತೆಯೆಂಬ ಸಾಧ್ವಿಯ ಶಿಲೆಯನ್ನು ಅವನ ತಲೆಯ ಮೇಲಿರಿಸಿದರು; ಅದರಿಂದಲೂ ನಿಲ್ಲದಿರಲು ವಿಷ್ಣುವು ಗದಾಧರನಾಗಿ ತಾನೇ ಬಂದು ನಿಂತನು. ಆಗ ಗಯನು ಕೇಳಿದುದು ತನ್ನ ಬಿಡುಗಡೆಯನ್ನಲ್ಲ. ಭೂಮಿಯಿರುವವರೆಗೆ ದೇವತೆಗಳು ಅಲ್ಲಿಯೇ ನೆಲಸಲಿ, ಕ್ಷೇತ್ರವು ತನ್ನ ಹೆಸರಿನಿಂದ ಕರೆಯಲ್ಪಡಲಿ, ಅಲ್ಲಿ ಪಿಂಡವನ್ನು ಪಡೆದವರು ಬ್ರಹ್ಮಲೋಕವನ್ನು ಸೇರಲಿ ಎಂಬುದೇ ಅವನ ಬೇಡಿಕೆಯಾಗಿತ್ತು.

ಈ ಕಥೆಯನ್ನು ರಾಜೇಂದ್ರಲಾಲ ಮಿತ್ರರು ೧೮೭೮ರಲ್ಲಿ ಪ್ರಕಟವಾದ ತಮ್ಮ ಬುದ್ಧಗಯೆಯ ಗ್ರಂಥದಲ್ಲಿ ರೂಪಕವೆಂದು ವ್ಯಾಖ್ಯಾನಿಸಿದರು. ಯಾವ ಅಪರಾಧವನ್ನೂ ಮಾಡದ ತಪಸ್ವಿಯನ್ನು ದೇವತೆಗಳು ಕಲ್ಲಿನಡಿಯಲ್ಲಿ ಅದುಮಿದರೆಂದರೆ, ಗಯಾಸುರನು ಬೌದ್ಧಮತವೇ ಹೊರತು ಬೇರೆಯಲ್ಲವೆಂಬುದು ಅವರ ತರ್ಕ. ಈ ಊಹೆಯನ್ನು ಒಪ್ಪದ ವಿದ್ವಾಂಸರೂ ಉಂಟು. ಇತಿಹಾಸದ ಮಾತು ಹಾಗಿರಲಿ. ಕಥೆಯ ಒಳಗಿನ ಸಾಕ್ಷ್ಯವು ಈ ಅರ್ಥಕ್ಕೆ ಪೂರ್ತಿಯಾಗಿ ಒಗ್ಗುವುದಿಲ್ಲ. ಸೋತ ಪರಮತದ ಹೆಸರನ್ನು ಗೆದ್ದವರು ತಮ್ಮ ಪಿತೃಗಳ ಮುಕ್ತಿಕ್ಷೇತ್ರಕ್ಕೆ ಇಡುವುದೇಕೆ? ಅವನ ಕೋರಿಕೆಗೆ ವಿಷ್ಣುವೇ ಕಟ್ಟುಬೀಳುವುದೇಕೆ? ದೇವತೆಗಳ ನಡತೆಯಲ್ಲಿ ಅನ್ಯಾಯದ ಛಾಯೆಯಿದೆಯೆಂದು ಮಿತ್ರರು ಕಂಡುದು ಸರಿ. ಆದರೆ ಅದನ್ನು ಕವಿಯು ಮರೆಮಾಚಿಲ್ಲ; ಅಸುರನ ಔದಾರ್ಯವು ಎದ್ದು ಕಾಣಲೆಂದೇ ದೇವತೆಗಳ ಕಾರ್ಪಣ್ಯವನ್ನು ಬಿಚ್ಚಿಟ್ಟಿರುವನು. ತನ್ನ ಪುಣ್ಯವನ್ನು ಅನ್ಯರಿಗಾಗಿ ನೆಲವಾಗಿ ಹಾಸಿದವನ ಎದೆಯ ಮೇಲೆ ನಿಂತು ಪಿಂಡವಿಡಬೇಕೆಂಬುದೇ ಕಥೆಯ ಹುರುಳು. ಅಲ್ಲಿ ಕೊಡುವವನಿಗಿಂತ ಮೊದಲೇ ಕೊಟ್ಟವನೊಬ್ಬನಿದ್ದಾನೆ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಫಲಶ್ರುತಿಯ ಲೆಕ್ಕಾಚಾರವು ಪುಟಪುಟಕ್ಕೂ ಬಂದು ಓದುಗರನ್ನು ದಣಿಸುವುದು. ಇಂಥ ಶಿಲೆಯಲ್ಲಿ ಇಷ್ಟು ಕುಲಗಳ ಉದ್ಧಾರ, ಇಂಥ ಕುಂಡದಲ್ಲಿ ಇಷ್ಟು ಯಜ್ಞಗಳ ಫಲವೆಂದು ಎಣಿಸುತ್ತ ಹೋದಾಗ ಭಕ್ತಿಯು ವ್ಯಾಪಾರವಾಗುವ ಭಯವುಂಟು. ಗಯೆಗೆಂದು ಮನೆಯಿಂದ ಹೊರಟವನ ಒಂದೊಂದು ಹೆಜ್ಜೆಯೂ ಪಿತೃಗಳಿಗೆ ಸ್ವರ್ಗದ ಸೋಪಾನವಾಗುವುದೆಂಬ ಸುಂದರವಾದ ಭಾವವೂ ಈ ಎಣಿಕೆಯ ನಡುವೆ ಮುಳುಗಿಹೋಗುವುದು. ಆದರೆ ಲೋಭದ ವಿಷಯದಲ್ಲಿ ಗ್ರಂಥಕಾರನು ಕುರುಡನಾಗಿರಲಿಲ್ಲ. ಬ್ರಹ್ಮನು ಯಜ್ಞಕ್ಕಾಗಿ ಸೃಜಿಸಿ, ಗ್ರಾಮಗಳನ್ನೂ ಸಂಪತ್ತನ್ನೂ ಕೊಟ್ಟು ನಿಲ್ಲಿಸಿದ ಬ್ರಾಹ್ಮಣರು ಆಸೆಗೆ ಒಳಗಾಗಿ ಮತ್ತೊಂದು ದಾನಕ್ಕೆ ಕೈಯೊಡ್ಡಿದುದರಿಂದ ಶಪಿಸಲ್ಪಟ್ಟರೆಂದೂ, ಕ್ಷೀರದ ನದಿಯು ನೀರಾಯಿತೆಂದೂ, ಬಳಿಕ ದಯೆಯಿಂದ ಅವರಿಗೆ ತೀರ್ಥವೇ ಜೀವನವಾಯಿತೆಂದೂ ಅವನೇ ಬರೆದಿರುವನು. ಪುರೋಹಿತರ ಹೊಟ್ಟೆಪಾಡಿಗಾಗಿಯೇ ಹುಟ್ಟಿದ ಗ್ರಂಥವೆಂದು ಆಕ್ಷೇಪಿಸುವವರು ಈ ಭಾಗವನ್ನು ಓದಬೇಕು. ಆ ಗಯಾವಾಳರು ಪರಂಪರೆಯಿಂದ ಮಧ್ವಾಚಾರ್ಯರ ಸಂಪ್ರದಾಯಕ್ಕೆ ಸೇರಿದವರೆಂಬುದು ಕನ್ನಡನಾಡಿಗೂ ಆ ದೂರದ ಕ್ಷೇತ್ರಕ್ಕೂ ಇರುವ ಒಂದು ನಂಟು.

ಗ್ರಂಥದ ಶ್ರೇಷ್ಠತೆಯು ಅದರ ಉಪಾಖ್ಯಾನಗಳಲ್ಲಿ ಕಾಣುವುದು. ಭೀಷ್ಮನು ವಿಷ್ಣುಪದದಲ್ಲಿ ಪಿಂಡವನ್ನೆತ್ತಿದಾಗ ಶಂತನುವಿನ ಕೈಗಳು ಮೇಲಕ್ಕೆ ಬಂದವು. ಆದರೆ ಭೀಷ್ಮನು ಪಿಂಡವನ್ನು ಆ ಕೈಗಳಲ್ಲಿಡದೆ, ವಿಧಿಯಂತೆ ಪದದ ಮೇಲೆಯೇ ಇಟ್ಟನು. ತಂದೆಯು ಅದರಿಂದಲೇ ತುಷ್ಟನಾದನು. ಕಣ್ಣಿಗೆ ಕಾಣುವ ತಂದೆಯ ಕೈಗೆ ಅನ್ನವಿಡದಿರುವುದು ಎಂಥ ಕಠಿನವಾದ ಸಂಯಮ! ಪ್ರೀತಿಯು ಕಂಡವರಿಗೆ ಮಾತ್ರ ಕೊಡುತ್ತದೆ. ಶ್ರದ್ಧೆಯು ಕಾಣದವರಿಗೂ ಸಲ್ಲುವ ನೆಲೆಯಲ್ಲಿ ಕೊಡುತ್ತದೆ. ಭರದ್ವಾಜನ ಮುಂದೆ ಕಪ್ಪೊಂದು ಬಿಳಿದೊಂದು ಎರಡು ಕೈಗಳು ಮೂಡಿ, ಯಾರು ತನ್ನ ತಂದೆಯೆಂಬ ಸಂಶಯವುಂಟಾದಾಗ, ಅವನು ಕಶ್ಯಪಪದದಲ್ಲಿಟ್ಟ ಪಿಂಡದಿಂದ ಇಬ್ಬರೂ ಸದ್ಗತಿಯನ್ನು ಪಡೆದರು. ಮನುಷ್ಯರ ನ್ಯಾಯಸ್ಥಾನದಲ್ಲಿ ಇತ್ಯರ್ಥವಾಗದ ವ್ಯಾಜ್ಯವು ಅಲ್ಲಿ ಹೀಗೆ ಮುಗಿಯಿತು. ಮಕ್ಕಳಿಲ್ಲದ ವಿಶಾಲರಾಜನು ಪುತ್ರಾಪೇಕ್ಷೆಯಿಂದ ಬಂದು, ಪಿತೃಗಳ ಪೈಕಿ ಬ್ರಹ್ಮಹತ್ಯೆ ಮಾಡಿ ನರಕದಲ್ಲಿ ಬಿದ್ದಿದ್ದವರನ್ನೂ ಉದ್ಧರಿಸಿದನು. ಪೂರ್ವಜರೆಂದರೆ ಪುಣ್ಯವಂತರು ಮಾತ್ರವಲ್ಲ; ಅವರ ಪಾಪವೂ ವಾರಸುದಾರನ ಪಾಲಿಗೆ ಬಂದ ಹೊರೆಯೇ ಆಗಿದೆಯೆಂಬುದನ್ನು ಈ ಕಥೆಯು ಮರೆಸುವುದಿಲ್ಲ.

ವಂಶದ ಋಣವೆಂಬುದು ವೇದೋಕ್ತವಾದುದು. ಹುಟ್ಟುವ ಬ್ರಾಹ್ಮಣನು ಬ್ರಹ್ಮಚರ್ಯದಿಂದ ಋಷಿಗಳಿಗೂ ಯಜ್ಞದಿಂದ ದೇವತೆಗಳಿಗೂ ಸಂತತಿಯಿಂದ ಪಿತೃಗಳಿಗೂ ಋಣಿಯೆಂದು ತೈತ್ತಿರೀಯ ಸಂಹಿತೆಯು ಹೇಳುವುದು. ಗಯೆಯ ವಿಧಿಯಾದರೋ ಈ ಋಣದ ಎಲ್ಲೆಯನ್ನು ಮನೆಯ ಹೊಸ್ತಿಲಿನಾಚೆಗೆ ಸರಿಸುವುದು. ಗರ್ಭದಲ್ಲಿಯೇ ಅಳಿದವರು, ಬೆಂಕಿಯಲ್ಲಿ ಬೆಂದವರು, ಕಳ್ಳರಿಂದ ಹತರಾದವರು, ಪಶುಪಕ್ಷಿಗಳ ಯೋನಿಯಲ್ಲಿ ತೊಳಲುವವರು, ಹಿಂದಿನ ಜನ್ಮದಲ್ಲಿ ಬಂಧುಗಳಾಗಿದ್ದವರು, ಬಂಧುಗಳೇ ಅಲ್ಲದವರು, ಇವರೆಲ್ಲರಿಗೂ ಅಲ್ಲಿ ಪಿಂಡವುಂಟು. ಬೇರೆಡೆ ಸಾಮಾನ್ಯವಾಗಿ ಪತಿಯೊಡನೆಯೇ ಭಾಗಿಯಾಗುವ ತಾಯಿಗೆ ಗಯೆಯಲ್ಲಿ ಪ್ರತ್ಯೇಕವಾದ ಶ್ರಾದ್ಧವನ್ನು ಧರ್ಮಶಾಸ್ತ್ರವು ವಿಧಿಸಿದೆ. ಮಾತೃಷೋಡಶಿಯೆಂಬ ಕರ್ಮದಲ್ಲಿ ಮಗನು ಬಸಿರಿನ ಬೇನೆ, ಹೆರಿಗೆಯ ಸಂಕಟ, ನಿದ್ದೆಗೆಟ್ಟ ರಾತ್ರಿ ಇವುಗಳನ್ನು ಒಂದೊಂದಾಗಿ ನೆನೆದು ಹದಿನಾರು ಪಿಂಡಗಳನ್ನಿಡುವನು. ಉದ್ಧಾರದ ಲೆಕ್ಕವನ್ನು ಎಣಿಸಿ ಬೇಸತ್ತ ಓದುಗನು ಇಲ್ಲಿ ತಲೆಬಾಗದೆ ಇರಲಾರನು. ಏಕೆಂದರೆ ಇಲ್ಲಿ ಎಣಿಕೆಯಾಗುವುದು ಫಲವಲ್ಲ, ಉಪಕಾರ. ತನಗಾಗಿ ಮುಂದೆ ಪಿಂಡವಿಡುವವರು ಯಾರೂ ಇಲ್ಲವೆಂದು ಬಲ್ಲವನು ಜನಾರ್ದನನ ಕೈಯಲ್ಲಿ ಎಳ್ಳಿಲ್ಲದ ಮೊಸರಿನ ಪಿಂಡವನ್ನು ತನಗೆ ತಾನೇ ಇಟ್ಟುಕೊಳ್ಳಬಹುದೆಂಬ ವಿಧಿಯಲ್ಲಿಯೂ ಅನಾಥನ ಮೇಲಣ ಕರುಣೆಯೇ ಇದೆ.

ಪುರಾಣವು ಬಿಟ್ಟುದನ್ನು ಜನರ ಬಾಯಿ ತುಂಬಿಸಿತು. ರಾಮನು ಸಾಮಗ್ರಿಗೆಂದು ಹೋಗಿದ್ದಾಗ ಸೀತೆಯು ಫಲ್ಗುವಿನ ಮರಳನ್ನೇ ಪಿಂಡವಾಗಿ ದಶರಥನಿಗೆ ಕೊಟ್ಟಳೆಂದೂ, ಸುಳ್ಳುಸಾಕ್ಷಿ ಹೇಳಿದ ನದಿಯು ಅವಳ ಶಾಪದಿಂದ ಮರಳಿನಡಿಯಲ್ಲಿ ಹರಿಯುವುದೆಂದೂ, ನಿಜವನ್ನು ನುಡಿದ ಆಲವು ಅಕ್ಷಯವಾಯಿತೆಂದೂ ಅಲ್ಲಿಯ ಐತಿಹ್ಯ. ವಾಲ್ಮೀಕಿಯಲ್ಲಿ ಇದಿಲ್ಲ. ಆದರೂ ಗಂಡುಸಂತತಿಯ ಅಧಿಕಾರವನ್ನೇ ಸಾರುವ ಕ್ಷೇತ್ರದಲ್ಲಿ, ಸೊಸೆಯು ಬರಿಗೈಯಿಂದ ಇಟ್ಟ ಮರಳಿನ ಪಿಂಡವು ಮಾವನಿಗೆ ಸಂದಿತೆಂಬ ಕಥೆಯನ್ನು ಜನರು ಕೈಬಿಡದೆ ಉಳಿಸಿಕೊಂಡುದು ಸಾಮಾನ್ಯ ವಿಷಯವಲ್ಲ. ೨೦೨೨ರಲ್ಲಿ ವಿಷ್ಣುಪದದ ಬಳಿ ರಬ್ಬರಿನ ಅಣೆಕಟ್ಟನ್ನು ಕಟ್ಟಿ ಫಲ್ಗುವಿನಲ್ಲಿ ನೀರನ್ನು ನಿಲ್ಲಿಸಲಾಗಿದೆ. ಶಾಪದ ಕಥೆಯಾದರೋ ಇಂಗಿಲ್ಲ.

ಸತ್ತವರಿಗೆ ಶ್ರಾದ್ಧದಿಂದ ತೃಪ್ತಿಯಾಗುವುದಾದರೆ ದಾರಿಹೋಕನಿಗೆ ಬುತ್ತಿಯೇಕೆ, ಮನೆಯಲ್ಲಿ ಬಡಿಸಿದರೆ ಸಾಲದೆ, ಎಂಬ ಚಾರ್ವಾಕರ ಆಕ್ಷೇಪವನ್ನು ಸರ್ವದರ್ಶನಸಂಗ್ರಹವು ಉಳಿಸಿಕೊಟ್ಟಿದೆ. ಅನ್ನವು ಸಾಗುವ ದಾರಿಯನ್ನು ತೋರಿಸೆಂದು ಕೇಳುವವರಿಗೆ ಗಯಾಮಾಹಾತ್ಮ್ಯದಲ್ಲಿ ಉತ್ತರವಿಲ್ಲ. ಅದು ಹೇಳುವುದು ಬೇರೆ. ಬದುಕಿರುವವನು ತಾನೊಬ್ಬನೇ ಹುಟ್ಟಿದವನಲ್ಲ. ಹೆಸರು ತಿಳಿದವರ, ತಿಳಿಯದವರ, ಪಾಪಿಗಳ, ಅನಾಥರ ಋಣದ ಮೇಲೆ ಅವನು ನಿಂತಿದ್ದಾನೆ. ಆ ಋಣವನ್ನು ಮುಕ್ತಾಯಗೊಳಿಸುವ ಊರೆಂದು ಗಯೆಯನ್ನು ಬಗೆದವರು ಫಲವನ್ನು ಲೆಕ್ಕಹಾಕಿ ಹಿಂದಿರುಗುವರು. ಆ ಋಣದ ಅಳತೆಯನ್ನು ಅರಿಯುವ ಊರೆಂದು ಬಗೆದವರಿಗೆ ಗ್ರಂಥದ ತಿರುಳು ದಕ್ಕುವುದು.