ಒಡನೋದಿದವರ ನಡುವಿನ ಯುದ್ಧ

ಪ್ರೌಢಶಾಲೆಯ ಕಡೆಯ ವರ್ಷದಲ್ಲಿರುವ ಮಕ್ಕಳಿಗೆ ಫೆಬ್ರವರಿಯು ಬೀಳ್ಕೊಡುಗೆಯ ತಿಂಗಳು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಶಾಲೆಗಳಲ್ಲಿ ಹತ್ತನೆಯ ತರಗತಿಯವರು ಒಂದು ದಿನ ಒಟ್ಟಾಗಿ ಕುಳಿತು, ಕಳೆದ ವರ್ಷಗಳನ್ನು ನೆನೆದು ನಾಲ್ಕು ಮಾತನಾಡಿ, ಗುರುಗಳಿಗೆ ನಮಸ್ಕರಿಸಿ, ಪರಸ್ಪರ ಹಸ್ತಾಕ್ಷರ ಪಡೆದು ಪರೀಕ್ಷೆಯತ್ತ ಮುಖ ಮಾಡುವುದು ವಾಡಿಕೆ. 2019ರಲ್ಲಿ ಈ ನೆನಪಿನ ದಿನಗಳ ಮೇಲೆ ಬೇರೊಂದು ನೆರಳು ಬಿದ್ದಿತು. ಫೆಬ್ರವರಿ 14ರಂದು ಪುಲ್ವಾಮದಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ 40 ಮಂದಿ ಹತರಾದರು. ಅವರಲ್ಲೊಬ್ಬರು ನೆರೆಯ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನವರು. 26ರಂದು ಭಾರತದ ವಿಮಾನಗಳು ಬಾಲಾಕೋಟ್‌ನಲ್ಲಿ ದಾಳಿ ನಡೆಸಿದವು. ಯುದ್ಧ ಇನ್ನೇನು ಬಂದೇ ಬಿಟ್ಟಿತೆಂದು ಊರೂರಿನಲ್ಲಿ ಮಾತು ಹಬ್ಬಿದ್ದ ಆ ದಿನಗಳಲ್ಲಿ ಈ ಮಕ್ಕಳು ಕನ್ನಡ ಪರೀಕ್ಷೆಗೆ ಓದಿಕೊಳ್ಳುತ್ತಿದ್ದರು.

ಅವರು ಓದಿಕೊಳ್ಳುತ್ತಿದ್ದುದು ಏನನ್ನು ಎಂಬುದೇ ಪ್ರಸ್ತುತ ಲೇಖನದ ವಿಷಯ. ಆ ವರ್ಷದ ಪ್ರಥಮ ಭಾಷಾ ಪಠ್ಯವಾದ 'ಸಿರಿಕನ್ನಡ'ವನ್ನು ತೆರೆದು ನೋಡಿದರೆ ಯುದ್ಧವು ಅದರಲ್ಲಿ ಮತ್ತೆ ಮತ್ತೆ ಬರುವುದು ಎದ್ದು ಕಾಣುತ್ತದೆ. ಸಾರಾ ಅಬೂಬಕ್ಕರ್ ಅವರ ಕಥೆಯ ಹೆಸರೇ 'ಯುದ್ಧ'. ಪದ್ಯಭಾಗದಲ್ಲಿ ಪಂಪನ ದ್ರೋಣ, ರನ್ನನ ದುರ್ಯೋಧನ, ಕುಮಾರವ್ಯಾಸನ ಕರ್ಣ, ಲಕ್ಷ್ಮೀಶನ ಲವ ಇದ್ದಾರೆ. ಆಮೇಲಿನ ವರ್ಷಗಳಲ್ಲಿ ಪಠ್ಯವು ಪರಿಷ್ಕರಣಗಳಿಗೆ ಒಳಗಾಗಿದೆ. ನಮ್ಮ ಪರಿಶೀಲನೆ ಆ ವರ್ಷದ ಪಠ್ಯಕ್ಕೆ ಸೀಮಿತವಾದುದು. ಶಾಲೆಯನ್ನು ಬಿಟ್ಟುಹೋಗುವ ಹೊತ್ತಿನಲ್ಲಿ, ಯುದ್ಧದ ಸುದ್ದಿಯ ನಡುವೆ, ಹದಿನೈದು ಹದಿನಾರರ ಮಕ್ಕಳ ಕೈಗೆ ಈ ಕಾವ್ಯಭಾಗಗಳು ಯಾವ ವಿವೇಕವನ್ನು ಕೊಡಬಲ್ಲವಾಗಿದ್ದವು, ಅದನ್ನು ಕೊಡಲು ನಾವು ಎಷ್ಟರಮಟ್ಟಿಗೆ ಬಿಟ್ಟೆವು ಎಂಬುದು ವಿಚಾರಣೀಯ.

ಮೊದಲು ಪಂಪನನ್ನು ನೋಡೋಣ. 941ರಲ್ಲಿ ರಚಿತವಾದ ವಿಕ್ರಮಾರ್ಜುನವಿಜಯದಿಂದ ಆಯ್ದ 'ಕೆಮ್ಮನೆ ಮೀಸೆವೊತ್ತೆನೇ' ಎಂಬ ಪಾಠದ ಕಥೆ ಸರಳವಾದುದು. ದ್ರೋಣ, ದ್ರುಪದರು ಬಾಲ್ಯದಲ್ಲಿ ಒಟ್ಟಿಗೆ ಓದಿದವರು. ಬಡತನದಿಂದ ನೊಂದ ದ್ರೋಣನು ಆ ಸಲಿಗೆಯನ್ನು ನಂಬಿ, ಅರಸನಾಗಿರುವ ಗೆಳೆಯನ ಬಾಗಿಲಿಗೆ ಬರುತ್ತಾನೆ. ಸಿರಿಯ ಸೊಕ್ಕಿನಲ್ಲಿರುವ ದ್ರುಪದನು ಅಂಥವನೊಬ್ಬನನ್ನು ತಾನು ಅರಿಯೆನೆಂದು ಹೇಳಿ, ತುಂಬಿದ ಸಭೆಯಲ್ಲಿ ಅವನನ್ನು ಹೀಯಾಳಿಸುತ್ತಾನೆ. ಭಾರತಯುದ್ಧದ ಅನೇಕ ಬೀಜಗಳಲ್ಲಿ ಇದೂ ಒಂದು. ದ್ರುಪದನು ಕತ್ತಿಯನ್ನು ಹಿರಿಯಲಿಲ್ಲ. ಸಹಪಾಠಿಯನ್ನು ಗುರುತಿಸಲು ನಿರಾಕರಿಸಿದನು, ಅಷ್ಟೆ. ಶಾಲೆಯ ನೆನಪನ್ನು ಅಳಿಸಿಹಾಕಿದಲ್ಲಿಂದಲೇ ವೈರವು ಹುಟ್ಟಿತೆಂಬುದನ್ನು ಆದಿಕವಿಯು ಒಂದು ಚಿಕ್ಕ ಪ್ರಸಂಗದಲ್ಲಿ ಕಾಣಿಸಿದ್ದಾನೆ.

ದ್ರೋಣನ ಉತ್ತರವು ಇದಕ್ಕಿಂತಲೂ ಹೆಚ್ಚಿನ ಗಮನವನ್ನು ಬೇಡುತ್ತದೆ. ಒಟ್ಟಿಗೆ ಓದಿದವರೆಂಬ ಒಂದು ಕಾರಣಕ್ಕೆ ನಿನ್ನನ್ನು ಕೊಲ್ಲಲಾರೆನೆಂದು ಅವನು ಹೇಳುತ್ತಾನೆ. ಆದರೆ ನನ್ನ ಶಿಷ್ಯರಿಂದ ನಿನ್ನನ್ನು ಕಟ್ಟಿಸಿ ತರಿಸದಿದ್ದರೆ ಈ ಮೀಸೆ ಏತಕ್ಕೆಂದು ಪ್ರತಿಜ್ಞೆ ಮಾಡುತ್ತಾನೆ. ಈ ಮಾತಿನ ಎರಡು ಭಾಗಗಳನ್ನು ಬಿಡಿಸಿ ನೋಡಬೇಕು. ಮೊದಲ ಭಾಗದಲ್ಲಿ ಒಡನೋದಿನ ನೆನಪು ಒಂದು ಜೀವವನ್ನು ಉಳಿಸುತ್ತದೆ. ಕ್ರೋಧವು ತುದಿ ಮುಟ್ಟಿದಾಗಲೂ ದಾಟಲಾಗದ ಒಂದು ಗೆರೆಯನ್ನು ಶಾಲೆಯು ಎಳೆದಿದೆ. ಎರಡನೆಯ ಭಾಗದಲ್ಲಿ ಅದೇ ಮನುಷ್ಯನು, ಇನ್ನೂ ತನ್ನ ಬಳಿಗೆ ಬಂದಿರದ ಮಕ್ಕಳನ್ನು ತನ್ನ ಅವಮಾನದ ಆಯುಧಗಳನ್ನಾಗಿ ಎಣಿಸುತ್ತಾನೆ. ಹಸ್ತಿನಾಪುರದ ಗರಡಿಯು ತೆರೆಯುವ ಮೊದಲೇ ಅದರ ಗುರುದಕ್ಷಿಣೆ ನಿಶ್ಚಯವಾಗಿಬಿಟ್ಟಿದೆ. ಒಂದೇ ಉಸಿರಿನಲ್ಲಿ ಶಾಲೆಯು ರಕ್ಷಿಸುವುದನ್ನೂ ಶಾಲೆಯು ಕೆಡುವುದನ್ನೂ ತೋರಿಸಿದ ಈ ಪ್ರಸಂಗದಂಥದು ನಮ್ಮ ಪ್ರಾಚೀನ ಕಾವ್ಯದಲ್ಲಿ ವಿರಳ.

ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವನ್ನು ಪಂಪ ರನ್ನರು ಎಷ್ಟು ಸೂಕ್ಷ್ಮವಾಗಿ ಅರಿತಿದ್ದರೆಂಬುದಕ್ಕೆ ಪಠ್ಯದ ಇನ್ನೊಂದು ಭಾಗವೂ ಸಾಕ್ಷಿ. ಗದಾಯುದ್ಧದಿಂದ ಆಯ್ದ ಆ ಪಾಠದಲ್ಲಿ ಶರಶಯ್ಯೆಯ ಭೀಷ್ಮನು ಸಂಧಿಯನ್ನು ಬೋಧಿಸುತ್ತಾನೆ. ಕರ್ಣ ದುಶ್ಶಾಸನರನ್ನು ಕಳೆದುಕೊಂಡ ದುರ್ಯೋಧನನು ತಾನು ಹೋರುತ್ತಿರುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ. ಇಲ್ಲಿ ರನ್ನನ ಸಹಾನುಭೂತಿ ದುರ್ಯೋಧನನ ಕಡೆಗಿದೆ ಎಂಬುದು ನಿರ್ವಿವಾದ. ಗೆಳೆಯನಿಲ್ಲದ ನೆಲ ತನಗೆ ಪಾಳುನೆಲವೆಂಬ ಅವನ ದುಃಖ ನಿಜವಾದ ದುಃಖ. ಆದರೆ ಸಹಾನುಭೂತಿಯನ್ನು ಸಮರ್ಥನೆಯೆಂದು ತಿಳಿಯುವುದು ಸಹೃದಯರಿಗೆ ತಕ್ಕುದಲ್ಲ. ನೆಲಕ್ಕಾಗಿ ನಡೆಯುವ ಯುದ್ಧವು ನೆಲ ಹಂಚಿಕೆಯಾದರೆ ನಿಲ್ಲಬಹುದು. ಛಲಕ್ಕಾಗಿ ನಡೆಯುವ ಯುದ್ಧಕ್ಕೆ ನಿಲ್ಲುವ ಸ್ಥಳವೇ ಇಲ್ಲ. ಭೀಷ್ಮನು ಸೋತದ್ದು ಅಲ್ಲಿ.

ಉಳಿದ ಮೂರು ಪಾಠಗಳೂ ಇದೇ ಎಳೆಯನ್ನು ಬೇರೆ ಬೇರೆ ಕಡೆಯಿಂದ ಹಿಡಿಯುತ್ತವೆ. ಕುಮಾರವ್ಯಾಸನ ಕರ್ಣನು ಯುದ್ಧದ ಹೊಸ್ತಿಲಿನಲ್ಲಿ ತನ್ನ ಎದುರಾಳಿಗಳು ತಮ್ಮಂದಿರೆಂದು ಕೇಳಿ ಕಣ್ಣೀರಾಗುತ್ತಾನೆ. ಆದರೂ ಗೆಳೆತನವನ್ನು ಬಿಡಲಾರ. ಲಕ್ಷ್ಮೀಶನ ಲವನು ಯಜ್ಞದ ಕುದುರೆಯನ್ನು ಕಟ್ಟಿದಾಗ, ಬೇಡವೆಂದು ಹೆದರಿ ಹೇಳುವವರು ಆಶ್ರಮದ ಅವನ ಸಂಗಡಿಗರೇ. ನಾವು ಲವನ ಧೈರ್ಯವನ್ನು ಕೊಂಡಾಡುತ್ತೇವೆ. ಆ ಮುನಿಬಾಲಕರ ಭಯವನ್ನು ನಕ್ಕು ಬಿಡುತ್ತೇವೆ. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಸಾರಾ ಅಬೂಬಕ್ಕರ್ ಅವರ ಕಥೆಯಲ್ಲಿ ವೀರನೇ ಇಲ್ಲ. ಗಡಿಯ ಆಚೆ ಗಾಯಗೊಂಡು ಬಿದ್ದ ವೈದ್ಯ, ದೀಪವಾರಿಸಿದ ಮನೆ, ಹೆರಿಗೆಯ ನೋವಿನಲ್ಲಿರುವ ಸೊಸೆ, ಶತ್ರುದೇಶದವನೆಂದು ತಿಳಿದೂ ಅವನಿಗೆ ಆಸರೆ ಕೊಡುವ ಮುದುಕಿ, ಇಷ್ಟೇ. ದ್ರುಪದನು ಬಲ್ಲವನನ್ನು ಅರಿಯೆನೆಂದನು. ಈ ಮುದುಕಿಯು ಅರಿಯದವನನ್ನು ತನ್ನವನೆಂದಳು. ಒಂದೇ ಪುಸ್ತಕದೊಳಗೆ ಈ ಎರಡು ಪಾಠಗಳು ಪರಸ್ಪರ ಮಾತನಾಡುತ್ತಿದ್ದವು. ಅದನ್ನು ಕೇಳಿಸಿಕೊಳ್ಳುವ ಅವಕಾಶ ಮಾತ್ರ ತರಗತಿಯಲ್ಲಿ ಸಿಕ್ಕುವುದು ಅಪರೂಪ.

ನಮ್ಮ ಆಕ್ಷೇಪಣೆ ಇರುವುದು ಇಲ್ಲಿ. ಪಠ್ಯದ ಆಯ್ಕೆ ಉತ್ತಮವಾಗಿತ್ತು. ಆದರೆ ಆಯ್ದ ಭಾಗವನ್ನು ಕತ್ತರಿಸಿದ ಸ್ಥಳವೂ ಅದನ್ನು ಪರೀಕ್ಷೆಗೆ ಒಗ್ಗಿಸಿದ ರೀತಿಯೂ ಕಾವ್ಯದ ವಿವೇಕವನ್ನು ಅರ್ಧಕ್ಕೆ ನಿಲ್ಲಿಸಿದವು. ದ್ರೋಣನ ಪ್ರತಿಜ್ಞೆಯೊಡನೆ ಪಾಠವು ಮುಗಿದರೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಮೀಸೆಯ ಠೇಂಕಾರ. ಮುಂದೆ ಅರ್ಜುನನು ದ್ರುಪದನನ್ನು ಕಟ್ಟಿ ತಂದುದು, ಆ ಅವಮಾನದ ಉರಿಯಿಂದ ಧೃಷ್ಟದ್ಯುಮ್ನನು ಹುಟ್ಟಿದುದು, ಅವನ ಕೈಯಲ್ಲೇ ದ್ರೋಣನು ಕಡೆಗಂಡುದು, ಇವೆಲ್ಲ ಪಾಠದ ಆಚೆಗೆ ಉಳಿಯುತ್ತವೆ. ಪ್ರತೀಕಾರದ ಆರಂಭವನ್ನು ಕಲಿಸಿ ಅದರ ಫಲವನ್ನು ಕಲಿಸದ ಪಾಠವು ಅಪೂರ್ಣವಾದುದು. ಇನ್ನು ಪರೀಕ್ಷೆಗೆ ಬೇಕಾದುದು ಪದಗಳ ಅರ್ಥ, ಸಮಾಸ, ಛಂದಸ್ಸು ಮತ್ತು ಸಂದರ್ಭದೊಡನೆ ಸ್ವಾರಸ್ಯ. ಯಾರು ಯಾರಿಗೆ ಹೇಳಿದರೆಂದು ಬರೆದ ಮೇಲೆ, ಹೇಳಿದ್ದು ಸರಿಯೆ ಎಂದು ಕೇಳುವವರಿಲ್ಲ. ಸ್ವಾರಸ್ಯವೆಂಬ ಶಬ್ದವು ವಿಮರ್ಶೆಯ ಬಾಗಿಲಾಗಬೇಕಿತ್ತು. ಕಂಠಪಾಠದ ವಾಕ್ಯವೊಂದಕ್ಕೆ ಅಂಕ ಕೊಡುವ ಸಾಧನವಾಗಿ ಅದು ಇಳಿದುಹೋಗಿದೆ.

ಅಪೂರ್ಣತೆಯನ್ನು ತುಂಬುವ ಕಥೆ ಬೇಕೆಂದರೆ ಈ ನಾಲ್ಕು ತಾಲ್ಲೂಕುಗಳ ಅಧ್ಯಾಪಕರು ದೂರ ಹೋಗಬೇಕಾಗಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವನಾದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ಬಾಳಿದ ಕವಿ. ಚೆಂಗಾಳ್ವರ ಆಶ್ರಯದ ಮನೆತನದವನು. ಅವನ ಜಯನೃಪಕಾವ್ಯವು ಭರತಚಕ್ರವರ್ತಿಯ ಸೇನಾಪತಿಯಾದ ಜಯಕುಮಾರನ ಚರಿತೆ. ಜಿನಸೇನ ಗುಣಭದ್ರರ ಪುರಾಣಪರಂಪರೆಯಲ್ಲಿ ಬಂದ ಆ ಕಥೆಯಂತೆ, ಸುಲೋಚನೆಯು ಸ್ವಯಂವರದಲ್ಲಿ ಜಯನನ್ನು ವರಿಸಲು, ಭರತನ ಮಗ ಅರ್ಕಕೀರ್ತಿಯು ಮಾನಭಂಗವಾಯಿತೆಂದು ಯುದ್ಧಕ್ಕೆ ನಿಲ್ಲುತ್ತಾನೆ. ಜಯನು ಗೆದ್ದು ಅವನನ್ನು ಸೆರೆಹಿಡಿಯುತ್ತಾನೆ. ಆದರೆ ಕನ್ಯೆಯ ತಂದೆ ಅಕಂಪನನು ಸೋತವನನ್ನು ಸಮಾಧಾನಪಡಿಸಿ, ಸಂಬಂಧ ಬೆಳೆಸಿ, ಗೌರವದಿಂದ ಕಳುಹಿಸುತ್ತಾನೆ. ಸುದ್ದಿ ತಿಳಿದ ಭರತನು ತಪ್ಪು ತನ್ನ ಮಗನದೇ ಎನ್ನುತ್ತಾನೆ. ಅಲ್ಲಿಯೂ ಮಾನಭಂಗವಿದೆ, ಅಲ್ಲಿಯೂ ಕಟ್ಟುಬಿದ್ದ ರಾಜಪುತ್ರನಿದ್ದಾನೆ. ದ್ರುಪದನ ಸೆರೆಯು ಇನ್ನೊಂದು ಯುದ್ಧವನ್ನು ಹೆತ್ತಿತು. ಅರ್ಕಕೀರ್ತಿಯ ಸೆರೆಯು ಯುದ್ಧವನ್ನು ಅಲ್ಲಿಗೇ ಮುಗಿಸಿತು. ಗೆದ್ದವರು ಸೋತವನ ಮುಖವನ್ನು ಹೇಗೆ ನೋಡಿದರೆಂಬುದರ ಮೇಲೆ ಈ ವ್ಯತ್ಯಾಸವು ನಿಂತಿದೆ. ಎರಡು ಕಥೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ಒಂದು ಗಂಟೆ ಚರ್ಚಿಸಿದರೆ, ಹತ್ತು ಉಪನ್ಯಾಸಗಳಿಂದ ಆಗದ ಕೆಲಸ ಆದೀತು.

ಇಷ್ಟನ್ನು ಹೇಳಿದ ಮಾತ್ರಕ್ಕೆ ಯುದ್ಧದ ಪ್ರಶ್ನೆಯು ಸುಲಭವಾಯಿತೆಂದು ವಾಚಕರು ಭಾವಿಸಬಾರದು. ಪಂಪನೇ ಕತ್ತಿ ಹಿಡಿದ ಕವಿ. ರನ್ನನನ್ನು ಪೊರೆದ ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸಿದವನೂ ಹೌದು, ಗಂಗರ ದಂಡನಾಯಕನೂ ಹೌದು. ಇಬ್ಬರಿಗೂ ಗುರುವಾದವರು ಅಜಿತಸೇನಾಚಾರ್ಯರು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕೆಂದು ವಿಧಿಸಿದ ನಮ್ಮ ಆಚಾರ್ಯರು, ಆತ್ಮರಕ್ಷಣೆಯಲ್ಲಿ ಒದಗುವ ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ತೊರೆಯಲಾರನೆಂಬುದನ್ನು ಮರೆಯಲಿಲ್ಲ. ಈ ನಾಲ್ಕು ತಾಲ್ಲೂಕುಗಳ ನೆಲಕ್ಕೂ ಯುದ್ಧದ ಪರಿಚಯವಿದೆ. ಪಿರಿಯಾಪಟ್ಟಣದ ಕೋಟೆಯು ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಸೇನೆಗೆ ಬಿದ್ದುದು; ಹುಣಸೂರು ಹತ್ತೊಂಬತ್ತನೆಯ ಶತಮಾನದಲ್ಲಿ ಸೈನ್ಯದ ಗಾಡಿಗಳನ್ನೆಳೆಯುವ ಅಮೃತಮಹಲ್ ಎತ್ತುಗಳ ಕೇಂದ್ರವಾಗಿದ್ದುದು.

ಇನ್ನೂ ಹತ್ತಿರದ ಉದಾಹರಣೆ ಟಿಬೆಟನ್ ನಿರಾಶ್ರಿತರದು. 1959ರ ಬಳಿಕ ತಾಯ್ನಾಡನ್ನು ತೊರೆದು ಬಂದ ಅವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ನೆಲೆಸಿದರು. 1962ರ ಚೀನಾ ಯುದ್ಧದ ಸಂದರ್ಭದಲ್ಲಿ ರೂಪುಗೊಂಡ ವಿಶೇಷ ಗಡಿ ಪಡೆಗೆ ಟಿಬೆಟನ್ ಸಮುದಾಯದ ತರುಣರು ಸೇರುತ್ತ ಬಂದರು. 1971ರಲ್ಲಿ ಆ ಪಡೆಯು ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿ ಅನೇಕರನ್ನು ಕಳೆದುಕೊಂಡಿತು. ಕರುಣೆಯನ್ನೇ ಧರ್ಮವೆಂದು ಬಗೆದ ಬೌದ್ಧ ಸಮುದಾಯದ ಮಕ್ಕಳಿಗೂ ಶಾಲೆಯ ಬಾಗಿಲಿನಿಂದ ಸೈನ್ಯದ ಬಾಗಿಲು ದೂರವಿರಲಿಲ್ಲ. ಅವರ ಮುಂದೆ ನಿಂತು ಅಹಿಂಸೆಯನ್ನು ಹಗುರವಾಗಿ ಉಪದೇಶಿಸಲು ಯಾರಿಗೂ ನಾಲಗೆ ಏಳದು.

ಆದಕಾರಣ ಮಕ್ಕಳಿಗೆ ಯುದ್ಧದ ಪಾಠಗಳು ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಅವು ಇರಲಿ, ಆದರೆ ಪೂರ್ತಿಯಾಗಿ ಇರಲಿ. ಗಡಿಯನ್ನು ಕಾಯುವವನ ಕರ್ತವ್ಯ ಬೇರೆ, ಊರಿನಲ್ಲಿ ಕುಳಿತು ಮೀಸೆ ತಿರುವುವವನ ಛಲ ಬೇರೆ ಎಂಬ ಭೇದವನ್ನು ಪಂಪ ರನ್ನರಿಂದ ಕಲಿಯಲು ಸಾಧ್ಯವಿದೆ. 2025ರ ಮೇ ತಿಂಗಳಲ್ಲಿ, ಹತ್ತನೆಯ ತರಗತಿಯ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ, ಮತ್ತೊಮ್ಮೆ ಭಾರತ ಪಾಕಿಸ್ತಾನಗಳ ನಡುವೆ ಶಸ್ತ್ರಗಳು ಮಾತನಾಡಿದವು. ಇಂಥ ಕಾಲ ಮುಂದೆ ಬಾರದೆಂದು ಯಾರೂ ಭರವಸೆ ಕೊಡಲಾರರು. ಅಂಥ ಹೊತ್ತಿನಲ್ಲಿ ನಮ್ಮ ಮಕ್ಕಳು ಮೊದಲು ಎದುರಿಸುವ ಪರೀಕ್ಷೆ ಗಡಿಯಲ್ಲಿ ನಡೆಯುವುದಿಲ್ಲ. ಬೇರೆ ಮತದ, ಬೇರೆ ಜಾತಿಯ, ಬೇರೆ ನುಡಿಯ ಸಹಪಾಠಿಯೊಬ್ಬನು ಎದುರಿಗೆ ಬಂದಾಗ ನಡೆಯುತ್ತದೆ. ಅವನನ್ನು ನಾನು ಬಲ್ಲೆನೆನ್ನಬೇಕೆ, ಅರಿಯೆನೆನ್ನಬೇಕೆ ಎಂಬ ಪ್ರಶ್ನೆ ಅದು. ಒಡನೋದಿದವನನ್ನು ಕೊಲ್ಲಲಾರೆನೆಂಬ ದ್ರೋಣನ ಅರ್ಧಮಾತನ್ನು ಉಳಿಸಿಕೊಂಡು, ಉಳಿದರ್ಧವನ್ನು ಬಿಡುವಂತೆ ಕಲಿಸುವ ಅಧ್ಯಾಪಕರು ಪ್ರತಿ ಶಾಲೆಯಲ್ಲಿ ಒಬ್ಬರಾದರೂ ಇರಲೆಂದು ಆಶಿಸೋಣ.