ಕೈಮೇಲಿನ ಗೀಟು: ಒಂದು ಪಂಕ್ ರಾಕ್ ತಂಡ ಮತ್ತು ವ್ರತದ ವಿಚಾರ

ಕಮಲಾಪುರದ ಬಳಿ ಗಾಣಗಿತ್ತಿ ಬಸದಿ ಇದೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಕ್ರಿ.ಶ. 1385-86ರಲ್ಲಿ ಹದಿನೇಳನೆಯ ತೀರ್ಥಂಕರರಾದ ಕುಂಥುನಾಥರಿಗೆ ಕಟ್ಟಿಸಿದ ಈ ಜಿನಾಲಯದ ಎದುರಿನ ದೀಪಸ್ತಂಭವು ಅದರ ಶಾಸನವನ್ನು ಇಂದಿಗೂ ಹೊತ್ತು ನಿಂತಿದೆ. ಕಳೆದ ದೀಪಾವಳಿಯಲ್ಲಿ ನಾವು ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದೆವು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗನೂ ಜೊತೆಗಿದ್ದ. ಕೈಮುಗಿದು ನಿಂತಾಗ ಅವನ ಎರಡೂ ಹಸ್ತಗಳ ಹಿಂಬದಿಯಲ್ಲಿ ಕಪ್ಪು ಶಾಯಿಯ ಕತ್ತರಿ ಗೀಟುಗಳು ಕಂಡವು. ನದಿಯಾಚೆಯ ವಿರೂಪಾಪುರಗಡ್ಡೆಯಲ್ಲಿ ವಿದೇಶೀ ಯುವಕರ ಮೋಜಿನ ಬೀಡುಗಳಿದ್ದ ಕಾಲವನ್ನು ಕಂಡವನು ನಾನು. 2020ರಲ್ಲಿ ಅವನ್ನು ತೆರವುಗೊಳಿಸಿದ ಮೇಲೂ ಆ ವೇಷಭೂಷಣಗಳ ಬಗೆಗಿನ ಸಂಶಯ ನನ್ನಲ್ಲಿ ಹೋಗಿರಲಿಲ್ಲ. ಗದರಿಸಿ ಕೇಳಿದೆ. ಅವನು ಕೊಟ್ಟ ಉತ್ತರ ಇದು: "ದೊಡ್ಡಪ್ಪ, ಇದು ಕುಡಿಯುವುದಿಲ್ಲ, ಸೇದುವುದಿಲ್ಲ ಅನ್ನುವವರ ಗುರುತು. ಹಾಸ್ಟೆಲಿನಲ್ಲಿ 'ನಮ್ಮ ಮನೆಯಲ್ಲಿ ನಡೆಯುವುದಿಲ್ಲ' ಅಂದರೆ ನಗುತ್ತಾರೆ. 'ನನಗೆ ಬೇಡ' ಅನ್ನುವ ಮಾತು ನನಗೆ ಒಂದು ಹಾಡಿನಿಂದ ಸಿಕ್ಕಿತು."

ಆ ಮಾತು ನನ್ನನ್ನು ಚುಚ್ಚಿತು. ಮದ್ಯತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸುವ ಪರಂಪರೆಯಲ್ಲಿ ಹುಟ್ಟಿದ ಹುಡುಗನಿಗೆ ಅದನ್ನು ಹೇಳುವ ಭಾಷೆ ಅಮೆರಿಕದ ಒಂದು ಅಬ್ಬರದ ಹಾಡಿನಿಂದ ಬರಬೇಕಾಯಿತೆ? ಆ ಹಾಡನ್ನೂ ಅದರ ಪ್ರಭಾವವನ್ನೂ ಅರಿತ ಮಟ್ಟಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪಂಕ್ ರಾಕ್ ಎಂಬುದು 1970ರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ರೂಪುಗೊಂಡ ಸಂಗೀತ. ರಾಮೋನ್ಸ್, ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಷ್ ಮೊದಲಾದ ತಂಡಗಳು ಅದನ್ನು ಪ್ರಸಿದ್ಧಿಗೆ ತಂದವು. ಹೆಚ್ಚಿನ ಅಭ್ಯಾಸವಿಲ್ಲದವರೂ ವಾದ್ಯ ಹಿಡಿದು ತಮ್ಮ ಮಾತನ್ನು ತಾವೇ ಹೇಳಬಹುದು ಎಂಬುದು ಅದರ ಬಲ. ಕಂಡದ್ದನ್ನೆಲ್ಲ ಧಿಕ್ಕರಿಸುವ ಭರದಲ್ಲಿ ತನ್ನನ್ನೇ ಸುಟ್ಟುಕೊಂಡದ್ದು ಅದರ ದುರಂತ. ಸೆಕ್ಸ್ ಪಿಸ್ಟಲ್ಸ್ ತಂಡದ ಸಿಡ್ ವಿಷಸ್ 1979ರ ಫೆಬ್ರವರಿಯಲ್ಲಿ ಹೆರಾಯಿನ್ ಸೇವನೆಯಿಂದ ಸತ್ತಾಗ ಅವನಿಗೆ ಕೇವಲ 21 ವರ್ಷ.

ಈ ಹಿನ್ನೆಲೆಯಲ್ಲಿ ವಾಷಿಂಗ್ಟನ್ ನಗರದಲ್ಲಿ 1980ರಲ್ಲಿ ಹುಟ್ಟಿದ ತಂಡ ಮೈನರ್ ಥ್ರೆಟ್. ಇಯಾನ್ ಮೆಕಾಯ್ ಗಾಯಕ, ಜೆಫ್ ನೆಲ್ಸನ್ ಡ್ರಮ್ ವಾದಕ, ಲೈಲ್ ಪ್ರೆಸ್ಲರ್ ಮತ್ತು ಬ್ರಯಾನ್ ಬೇಕರ್ ಗಿಟಾರ್ ಹಾಗೂ ಬೇಸ್ ನುಡಿಸುವವರು. ತಂಡ ಬಾಳಿದ್ದು 1983ರವರೆಗೆ ಮಾತ್ರ. 1981ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ 'ಸ್ಟ್ರೈಟ್ ಎಡ್ಜ್' ಎಂಬ ಹಾಡಿದೆ. ಅದರ ಅವಧಿ ಸುಮಾರು ಮುಕ್ಕಾಲು ನಿಮಿಷ. ತಾನೂ ಎಲ್ಲರಂತೆ ಒಬ್ಬ ಮನುಷ್ಯ, ಆದರೆ ಅಮಲಿನಲ್ಲಿ ಬಿದ್ದಿರುವುದಕ್ಕಿಂತ ಮಾಡಬೇಕಾದ ಕೆಲಸಗಳು ತನಗಿವೆ ಎಂಬುದು ಆ ಹಾಡಿನ ತಾತ್ಪರ್ಯ. ಈ ಹಾಡಿನ ಹೆಸರೇ ಮುಂದೆ ಮದ್ಯ, ತಂಬಾಕು, ಮಾದಕ ವಸ್ತುಗಳನ್ನು ತ್ಯಜಿಸಿದ ಯುವಕರ ಒಂದು ಪಂಥದ ಹೆಸರಾಯಿತು.

ಕೈಮೇಲಿನ ಗೀಟಿನ ಕಥೆಯೂ ಅಲ್ಲಿಯದೇ. ಮೆಕಾಯ್ ಮತ್ತು ನೆಲ್ಸನ್ ಅದಕ್ಕೆ ಮೊದಲು ಟೀನ್ ಐಡಲ್ಸ್ ಎಂಬ ತಂಡದಲ್ಲಿದ್ದರು. 1980ರಲ್ಲಿ ಅವರು ಕ್ಯಾಲಿಫೋರ್ನಿಯಕ್ಕೆ ಹೋದಾಗ, ಮದ್ಯ ಮಾರುವ ಒಂದು ಸಭಾಗೃಹದವರು ಪ್ರಾಯ ತುಂಬದವರಿಗೆ ಮದ್ಯ ಕೊಡಬಾರದೆಂಬ ಗುರುತಿಗಾಗಿ ಅವರ ಕೈಮೇಲೆ ಕತ್ತರಿ ಗೀಟು ಹಾಕಿ ಒಳಗೆ ಬಿಟ್ಟರು. ಹುಡುಗರು ಆ ಪದ್ಧತಿಯನ್ನು ತಮ್ಮ ಊರಿಗೂ ತಂದರು. ಇತರರು ನಿಷೇಧವಾಗಿ ಹಾಕಿದ ಗುರುತನ್ನು ಅವರು ಸ್ವಂತ ಸಂಕಲ್ಪದ ಗುರುತಾಗಿ ಮಾಡಿಕೊಂಡರು. ಹೊರಗಿನಿಂದ ಬಂದ ಕಟ್ಟಳೆ ನಿಷೇಧವಾಗುತ್ತದೆ, ಒಳಗಿನಿಂದ ಒಪ್ಪಿಕೊಂಡ ಕಟ್ಟಳೆ ವ್ರತವಾಗುತ್ತದೆ ಎಂಬ ಭೇದವನ್ನು ಆ ಹುಡುಗರು ಶಾಸ್ತ್ರ ಓದದೆಯೇ ಕಂಡುಕೊಂಡಿದ್ದರು.

ಕಲೆಯ ದೃಷ್ಟಿಯಿಂದ ಈ ಹಾಡಿನ ಬೆಲೆಯೇನು? ರಾಗದ ವಿಸ್ತಾರವಿಲ್ಲ, ಗಮಕವಿಲ್ಲ, ವಾದ್ಯದ ಚಮತ್ಕಾರಕ್ಕೆ ಬಿಡುವಿಲ್ಲ. ಗಾಯನ ಬಹುಮಟ್ಟಿಗೆ ಕೂಗು. ನಮ್ಮ ಕಿವಿಗೆ ಇದು ಕರ್ಕಶವೆಂಬುದು ನಿಜ. ಆದರೂ ಎರಡು ಮೂರು ಸಲ ಕೇಳಿದ ಮೇಲೆ ಒಂದು ಗುಣ ಗೋಚರವಾಗುತ್ತದೆ. ಹೇಳಬೇಕಾದುದನ್ನು ಹೇಳಿದೊಡನೆ ಹಾಡು ನಿಲ್ಲುತ್ತದೆ. ಬೇಡವಾದುದನ್ನು ಬಿಡುವ ವಿಷಯಕ್ಕೆ, ಬೇಡವಾದುದೆಲ್ಲವನ್ನೂ ಬಿಟ್ಟ ರೂಪ. ವಸ್ತುವಿಗೂ ರೂಪಕ್ಕೂ ಇರುವ ಈ ಹೊಂದಿಕೆಯೇ ಅದರ ಶಕ್ತಿ.

ಸಂಗೀತ ನಮಗೆ ಪರಕೀಯವಲ್ಲ. ಗಾಣಗಿತ್ತಿ ಬಸದಿಯನ್ನು ಕಟ್ಟಿಸಿದ ಇರುಗಪ್ಪನೇ ಕಂಚಿಯ ಬಳಿಯ ತಿರುಪರುತ್ತಿಕುನ್ರಂ ಜಿನಾಲಯದಲ್ಲಿ 1387ರ ಸುಮಾರಿಗೆ ಸಂಗೀತ ಮಂಟಪವನ್ನು ಕಟ್ಟಿಸಿದನು. ಪಾರ್ಶ್ವದೇವನ 'ಸಂಗೀತ ಸಮಯಸಾರ'ವು ಜೈನನೊಬ್ಬನು ಬರೆದ ಸಂಗೀತಶಾಸ್ತ್ರ ಗ್ರಂಥ. ಪಂಪನ 'ಆದಿಪುರಾಣ'ದಲ್ಲಿ ಆದಿನಾಥರಿಗೆ ವೈರಾಗ್ಯ ಉದಿಸುವುದು ಉಪದೇಶದಿಂದಲ್ಲ, ನೀಲಾಂಜನೆಯ ನೃತ್ಯದಿಂದ. ಕಲೆ ನಮ್ಮನ್ನು ಮರೆಸುತ್ತದೆಯೋ ಎಚ್ಚರಿಸುತ್ತದೆಯೋ ಎಂಬುದೇ ನಮ್ಮ ಪರಂಪರೆ ಕೇಳಿದ ಪ್ರಶ್ನೆ. ಈ ಹಾಡು ಎಚ್ಚರಿಸುವ ಬಗೆಯದು. ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಮದ್ಯದಿಂದ ಮೋಹಗೊಂಡ ಮನಸ್ಸು ಧರ್ಮವನ್ನು ಮರೆತು ಅಳುಕಿಲ್ಲದೆ ಹಿಂಸೆಗೆ ಇಳಿಯುತ್ತದೆ ಎಂಬುದು ಅಮೃತಚಂದ್ರ ಆಚಾರ್ಯರ ವಿವೇಚನೆ. ವಾಷಿಂಗ್ಟನ್ನಿನ ಹುಡುಗರು ಧರ್ಮದ ಮಾತಾಡಲಿಲ್ಲ. ಆದರೂ ಎಚ್ಚರವಾಗಿರಬೇಕೆಂಬ ಅವರ ಹಂಬಲ ಇದಕ್ಕೆ ದೂರವಾದುದಲ್ಲ.

ಹಾಡಿನ ದೋಷವನ್ನೂ ಹೇಳಬೇಕು. ಅಮಲಿನಲ್ಲಿ ಬಿದ್ದವನ ಬಗ್ಗೆ ಅದರಲ್ಲಿ ಕರುಣೆಯಿಲ್ಲ, ತಿರಸ್ಕಾರವಿದೆ. ನಾನು ನಿನಗಿಂತ ಮೇಲು ಎಂಬ ಧ್ವನಿ ಕೇಳಿಸುತ್ತದೆ. ಇದು ಮಾನಕಷಾಯ. ಹಾಡಿದವನಿಗೆ ಆಗ ಇಪ್ಪತ್ತು ತುಂಬಿರಲಿಲ್ಲ ಎಂಬುದು ಸಮಾಧಾನವೇ ಹೊರತು ಸಮರ್ಥನೆಯಲ್ಲ. ತಂಡದೊಳಗೇ ಈ ಬಗ್ಗೆ ವಾದ ನಡೆಯಿತು. 'ಔಟ್ ಆಫ್ ಸ್ಟೆಪ್' ಎಂಬ ಹಾಡು ಇತರರಿಗೆ ಆಜ್ಞೆ ಮಾಡಿದಂತೆ ಕೇಳಿಸಬಾರದು, ಅದು 'ನಾನು' ಎಂದೇ ಹೇಳಬೇಕು ಎಂಬುದು ನೆಲ್ಸನ್‌ನ ಆಕ್ಷೇಪ. ಮರುಮುದ್ರಣದಲ್ಲಿ ಮೆಕಾಯ್ ಇದು ಕಟ್ಟಳೆಗಳ ಪಟ್ಟಿಯಲ್ಲವೆಂದು ಬಾಯಿಮಾತಿನಲ್ಲಿ ಸೇರಿಸಿದನು. ತಾನು ಯಾವ ಚಳವಳಿಯನ್ನೂ ಕಟ್ಟಲಿಲ್ಲವೆಂದು ಮುಂದೆಯೂ ಹೇಳುತ್ತ ಬಂದನು.

ಆದರೆ ಚಳವಳಿ ಕಟ್ಟಿಕೊಂಡಿತು. ನ್ಯೂಯಾರ್ಕಿನ ಯೂತ್ ಆಫ್ ಟುಡೇ ತಂಡ 1988ರಲ್ಲಿ ಮಾಂಸಾಹಾರದ ವಿರುದ್ಧ ಹಾಡಿತು. ಅದರ ಗಾಯಕ ರೇ ಕಾಪ್ಪೊ ಮುಂದೆ ಕೃಷ್ಣಭಕ್ತನಾದನು. 1990ರ ದಶಕದಲ್ಲಿ ಅರ್ಥ್ ಕ್ರೈಸಿಸ್ ಮೊದಲಾದ ತಂಡಗಳು ಹಾಲನ್ನೂ ಚರ್ಮವನ್ನೂ ಬಿಟ್ಟ ಕಟ್ಟುನಿಟ್ಟಿನ ಜೀವನವನ್ನು ಸಾರಿದವು. ಇಲ್ಲಿಯವರೆಗೆ ಓದಿದ ಜೈನ ವಾಚಕರಿಗೆ ಹರ್ಷವಾಗಬಹುದು. ಮುಂದಿನದು ಹರ್ಷದ ಸಂಗತಿಯಲ್ಲ. ಅದೇ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಈ ಗುರುತು ಹೊತ್ತ ಕೆಲವರು ಕುಡಿದವರನ್ನು, ಸೇದಿದವರನ್ನು ಹೊಡೆಯತೊಡಗಿದರು. ಪೊಲೀಸರು ಅವರನ್ನು ಪುಂಡರ ಗುಂಪೆಂದು ಎಣಿಸುವಂತಾಯಿತು. 1997ರಲ್ಲಿ ಅದರ ಸಮೀಪದ ಸ್ಯಾಂಡಿಯಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಸಾಕುವವರ ಸಹಕಾರ ಸಂಘದ ಕಟ್ಟಡಕ್ಕೆ ಬಾಂಬ್ ಇಡಲಾಯಿತು. ಪ್ರಾಣಿದಯೆಯ ಹೆಸರಿನಲ್ಲಿ ಬೆಂಕಿ! ವ್ರತವು ಕಷಾಯದೊಡನೆ ಕೂಡಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಶಲ್ಯವನ್ನು ಕಳೆದುಕೊಂಡವನೇ ವ್ರತಿ ಎಂದು ಉಮಾಸ್ವಾತಿ ಆಚಾರ್ಯರು ವಿಧಿಸಿದ್ದು ಸುಮ್ಮನೆ ಅಲ್ಲ.

ಇನ್ನೊಂದು ದೋಷ ಸೂಕ್ಷ್ಮವಾದುದು. ಈ ಪಂಥದಲ್ಲಿ ಹದಿನಾರರ ಹುಡುಗ ಸಾಯುವವರೆಗಿನ ಪ್ರತಿಜ್ಞೆ ಮಾಡುತ್ತಾನೆ. ಒಮ್ಮೆ ಎಡವಿದರೆ ಗೆಳೆಯರು ಅವನನ್ನು ದ್ರೋಹಿಯೆಂದು ದೂರ ಮಾಡುವುದುಂಟು. ಸಮಂತಭದ್ರ ಆಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಾವಧಿಯ ತ್ಯಾಗವನ್ನು ಯಮವೆಂದೂ ಬೇರ್ಪಡಿಸಿದ್ದಾರೆ. ಮನುಷ್ಯನ ಶಕ್ತಿಯನ್ನು ಅರಿತ ವಿವೇಕವಿದು. ಎಡವಿದವನಿಗೆ ಪ್ರಾಯಶ್ಚಿತ್ತದ ದಾರಿಯೂ ನಮ್ಮಲ್ಲಿದೆ. ಆ ಹುಡುಗರಿಗೆ ಅದು ಇರಲಿಲ್ಲ.

ಹಾಗಾದರೆ ಮೂಲ ಗಾಯಕನು ಏನು ಮಾಡಿದನು? ಇದು ಈ ಕಥೆಯ ಅತ್ಯುತ್ತಮ ಭಾಗ. ಮೆಕಾಯ್ ಮತ್ತು ನೆಲ್ಸನ್ ಕೂಡಿ ಕಟ್ಟಿದ ಡಿಸ್ಕಾರ್ಡ್ ಎಂಬ ಧ್ವನಿಮುದ್ರಣ ಸಂಸ್ಥೆ ಮುದ್ರಿಕೆಗಳನ್ನು ಕಡಿಮೆ ಬೆಲೆಗೆ ಮಾರಿತು. 1980ರ ದಶಕದ ಕೊನೆಯಲ್ಲಿ ಆರಂಭವಾಗಿ 2002ರ ಬಳಿಕ ಕಚೇರಿ ನಿಲ್ಲಿಸಿದ ಅವನ ಫುಗಾಜಿ ತಂಡವು ಪ್ರವೇಶಧನವನ್ನು ಸಾಮಾನ್ಯವಾಗಿ 5 ಡಾಲರಿನಲ್ಲೇ ಇರಿಸಲು ಯತ್ನಿಸಿತು. ಎಲ್ಲ ವಯಸ್ಸಿನವರಿಗೂ ಪ್ರವೇಶವಿತ್ತು. ತಂಡದ ಹೆಸರಿನ ಅಂಗಿಗಳನ್ನು ಮಾರಲು ಅವರು ಒಪ್ಪಲಿಲ್ಲ. ಸಭೆಯಲ್ಲಿ ಯಾರಾದರೂ ಇತರರ ಮೇಲೆ ಬಿದ್ದು ನೋಯಿಸಿದರೆ ಹಾಡನ್ನು ನಡುವೆಯೇ ನಿಲ್ಲಿಸಿ, ತಿಳಿಹೇಳಿ, ಕೇಳದಿದ್ದರೆ ಅವನ 5 ಡಾಲರನ್ನು ಹಿಂದಿರುಗಿಸಿ ಹೊರಗೆ ಕಳುಹಿಸುತ್ತಿದ್ದರು. 2005ರಲ್ಲಿ ನೈಕಿ ಕಂಪನಿ ಮೈನರ್ ಥ್ರೆಟ್‌ನ ಮೊದಲ ಮುದ್ರಿಕೆಯ ಹೊದಿಕೆಯನ್ನು ಅನುಕರಿಸಿ ಜಾಹೀರಾತು ಮಾಡಿ, ಬಳಿಕ ಕ್ಷಮೆ ಕೇಳಬೇಕಾಯಿತು. ಅಪರಿಗ್ರಹದ ಗುರುತನ್ನೂ ಮಾರಾಟದ ಸರಕಾಗಿಸಲು ಪೇಟೆ ಕಾದಿರುತ್ತದೆ. ಹಾಡಿನಲ್ಲಿ ಕೂಗಿದ್ದನ್ನು ಮೆಕಾಯ್ ಬಳಿಕ ವ್ಯವಹಾರದಲ್ಲಿ ಶಾಂತವಾಗಿ ನಡೆಸಿದನು. ನನ್ನ ಅಭಿಪ್ರಾಯದಲ್ಲಿ ಈ ತಂಡದ ನಿಜವಾದ ಪ್ರಭಾವವನ್ನು ಹಸ್ತದ ಗೀಟಿನಲ್ಲಿ ಹುಡುಕಬಾರದು, ಈ ನಡತೆಯಲ್ಲಿ ಹುಡುಕಬೇಕು.

ಹಂಪೆಯ ಹೇಮಕೂಟದ ಮೇಲಿನ ಮೆಟ್ಟಿಲು ಮೆಟ್ಟಿಲಾದ ಶಿಖರಗಳ ಗುಡಿಗಳನ್ನು ಬಹುಕಾಲ ಜನರು ಜೈನ ಬಸದಿಗಳೆಂದೇ ತಿಳಿದಿದ್ದರು. ಅವು ಶಿವಾಲಯಗಳೆಂದು ವಿದ್ವಾಂಸರು ತೋರಿಸಿದರು. ಹೊರಗಿನ ಆಕಾರವನ್ನು ಕಂಡು ಒಳಗಿನ ದೇವರನ್ನು ನಿರ್ಣಯಿಸುವುದು ತಪ್ಪು. ಬಸದಿಯ ಎದುರು ನಾನು ಮಾಡಿದ್ದೂ ಅದನ್ನೇ. ಕೈಮೇಲಿನ ಗೀಟನ್ನು ಕಂಡು ಹುಡುಗ ಕೆಟ್ಟನೆಂದು ಬಗೆದೆ. ಅವನ ಜೊತೆಯವರಲ್ಲಿ, ಗೀಟಿಲ್ಲದ ಕೈಗಳಲ್ಲಿ, ಏನೇನು ಹಿಡಿದಿದ್ದಾರೆಂಬುದನ್ನು ನಾವು ಹಿರಿಯರು ಕೇಳುವುದೇ ಇಲ್ಲ.

ಬಸದಿಗಳ ವಿಶ್ವಸ್ತ ಮಂಡಲಿಗಳವರಲ್ಲಿ ಒಂದು ವಿಜ್ಞಾಪನೆ. ನಮ್ಮ ಉತ್ಸವಗಳ ಮೆರವಣಿಗೆಯಲ್ಲೂ ಧ್ವನಿವರ್ಧಕದ ಅಬ್ಬರವಿದೆ, ಖರ್ಚಿನ ಪೈಪೋಟಿಯಿದೆ. ಪಂಕ್ ಸಂಗೀತವನ್ನು ಗದ್ದಲವೆಂದು ದೂರುವ ಮೊದಲು ಅದನ್ನು ಸರಿಪಡಿಸಿಕೊಳ್ಳೋಣ. ಚಾತುರ್ಮಾಸದ ದಿನಗಳಲ್ಲಿ ಕಾಲೇಜಿನ ಮಕ್ಕಳನ್ನು ಪ್ರವಚನ ಕೇಳಲು ಮಾತ್ರ ಕೂರಿಸದೆ, ಅವರ ಪ್ರಶ್ನೆಗಳಿಗೂ ಒಂದು ಸಂಜೆಯನ್ನು ಮೀಸಲಿಡೋಣ. ಒಂದು ತಿಂಗಳಿಗೋ ಒಂದು ವರ್ಷಕ್ಕೋ ತಾವೇ ಆರಿಸಿಕೊಂಡ ನಿಯಮವನ್ನು ಅವರು ಕೈಗೊಳ್ಳಲಿ, ಕಾರಣವನ್ನು ತಮ್ಮ ಮಾತಿನಲ್ಲೇ ಹೇಳಲಿ.

ಊರಿಗೆ ಹೊರಡುವ ಮುನ್ನ ಹುಡುಗ ನನ್ನನ್ನು ಕೇಳಿದ: "ದೊಡ್ಡಪ್ಪ, ನೀವು ಯಾಕೆ ಕುಡಿಯುವುದಿಲ್ಲ?" ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂಬ ಉತ್ತರವೇ ನಾಲಿಗೆಗೆ ಬಂತು. ಅರುವತ್ತು ದಾಟಿದ ನಾನು ಅದಕ್ಕಿಂತ ಮುಂದಿನ ಉತ್ತರವನ್ನು ಎಂದೂ ಹುಡುಕಿರಲಿಲ್ಲ. ಈ ಲೇಖನವನ್ನು ಬರೆಯಲು ಕಾರಣ ಅದೇ.